ಸ್ಕೌಟ್ ಮಾಸ್ಟರ್ ಆಗುವ ಮುನ್ನ, ಆದ ಮೇಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ಕೌಟ್ಸ್ ಮತ್ತು ಗೈಡ್ಸ್ ಘಟಕದ ಹೊಣೆ ಹೊತ್ತ ಶಿಕ್ಷಕರು ಮತ್ತು ಪೋಷಕರಿಂದ ಬಂದ ಪತ್ರಗಳಲ್ಲಿ ಆಯ್ದ ಕೆಲವು ಇಲ್ಲಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಮುಖ್ಯೋಪಾಧ್ಯಾಯರು ನನ್ನನ್ನು ಸ್ಕೌಟ್ ಮಾಸ್ಟರ್, ಅಂದರೆ ಸ್ಕೌಟ್ ಘಟಕ ನಡೆಸುವವರ, ಏಳು ದಿನಗಳ ಬೇಸಿಕ್ ಕೋರ್ಸಿಗೆ ನಿಯೋಜಿಸಿದ್ದಾರೆ. ನಾನು ವಿಜ್ಞಾನ ಶಿಕ್ಷಕ, ಕವಾಯತು ಬಾರದು, ಮಂಡಿನೋವೂ ಇದೆ. ಅಲ್ಲಿ ಏನೇನು ಮಾಡಿಸುತ್ತಾರೆ? ಏನು ಒಯ್ಯಬೇಕು?
(ಹಾವೇರಿ ಜಿಲ್ಲೆಯ ಓದುಗರು)

ಕವಾಯತು ಬಾರದಿದ್ದರೆ ಚಿಂತೆ ಬೇಡ. ಏಳು ದಿನಗಳಲ್ಲಿ ಅದಕ್ಕೆ ಸಿಗುವುದು ಸಣ್ಣ ಪಾಲು. ಸ್ಕೌಟಿಂಗ್ ಎಂದರೆ ಆಗಸ್ಟ್ 15ರ ಪಥಸಂಚಲನ ಎಂದುಕೊಂಡು ಬಂದವರೇ ಅಲ್ಲಿ ಹೆಚ್ಚು ಗಲಿಬಿಲಿಗೊಳ್ಳುವುದು.

ಹೋದ ದಿನವೇ ನಿಮ್ಮನ್ನು 6ರಿಂದ 8 ಜನರ ಪ್ಯಾಟ್ರೋಲ್‌ಗಳಾಗಿ ವಿಂಗಡಿಸುತ್ತಾರೆ. ಅಲ್ಲಿಂದ ಮುಂದೆ ನೀವು ಶಿಕ್ಷಕರಲ್ಲ, ಸ್ಕೌಟ್. ಬೆಳಗ್ಗೆ ಸ್ಕೌಟಿಂಗ್ ಸ್ಥಾಪಕ ಬೇಡನ್ ಪೊವೆಲ್ಲರ ಆರು ವ್ಯಾಯಾಮ, ಆಮೇಲೆ ತಪಾಸಣೆ, ಧ್ವಜಾರೋಹಣ, ಪ್ರಾರ್ಥನೆ. ಹಗಲಿಡೀ ಗಂಟು, ಕಟ್ಟು, ದಿಕ್ಸೂಚಿ, ನಕ್ಷೆ, ಅಂದಾಜು, ಪ್ರಥಮ ಚಿಕಿತ್ಸೆ, ಆಟ. ರಾತ್ರಿ ಶಿಬಿರಾಗ್ನಿ. ನಡುವೆ ಒಂದು ಹೈಕ್ ಮತ್ತು ಸರ್ವಧರ್ಮ ಪ್ರಾರ್ಥನೆ. ಪ್ರತಿದಿನ ಒಂದು ಪ್ಯಾಟ್ರೋಲ್ ಡ್ಯೂಟಿಗೆ ನಿಲ್ಲುತ್ತದೆ: ಧ್ವಜ ಕಟ್ಟುವುದು, ಅಂಗಳ ಗುಡಿಸುವುದು, ಬಡಿಸುವುದು, ಶಿಬಿರಾಗ್ನಿಗೆ ಸೌದೆ ಜೋಡಿಸುವುದು. ಪ್ಯಾಟ್ರೋಲ್ ಲೀಡರ್‌ಗಿರಿಯೂ ಸರದಿಯ ಮೇಲೆ ಬರುತ್ತದೆ. ನಿಮಗಿಂತ ಹದಿನೈದು ವರ್ಷ ಚಿಕ್ಕವರು ಲೀಡರ್ ಆಗಿ, ನೀವು ಪಾತ್ರೆ ತೊಳೆಯುವ ದಿನವೂ ಬಂದೀತು. ಅಂದು ಮುನಿಸಿಕೊಂಡವರಿಗೆ ಈ ಕೋರ್ಸ್ ಕಲಿಸಬೇಕಾದ ಮುಖ್ಯ ಸಂಗತಿ ತಪ್ಪಿಹೋಗುತ್ತದೆ. ದೊಡ್ಡವರು ಪಕ್ಕಕ್ಕೆ ಸರಿದು ಮಕ್ಕಳ ಗುಂಪು ತಾನಾಗಿ ನಡೆಯಲು ಬಿಟ್ಟಾಗ ಗುಂಪಿನೊಳಗೆ ಏನಾಗುತ್ತದೆ ಎಂಬುದನ್ನು ಒಳಗಿನಿಂದ ಕಾಣುವುದಕ್ಕೇ ಈ ಏರ್ಪಾಡು.

ಮಂಡಿನೋವನ್ನು ಮೊದಲ ದಿನವೇ ಶಿಬಿರ ನಾಯಕರಿಗೆ ತಿಳಿಸಿ. ಆರನೆಯ ವ್ಯಾಯಾಮದಲ್ಲಿ ಕುಕ್ಕರುಗಾಲಲ್ಲಿ ಕೂರುವ ಭಾಗವಿದೆ. ಅದನ್ನು ಬಿಟ್ಟು ಹಿಮ್ಮಡಿ ಎತ್ತಿ ಇಳಿಸುವುದನ್ನಷ್ಟೇ ಮಾಡಿ.

ಸಮವಸ್ತ್ರ ಎರಡು ಜೊತೆ, ಹೊದಿಕೆ, ತಟ್ಟೆ, ಲೋಟ, ಟಾರ್ಚ್, ಸೀಟಿ, ನಿಮ್ಮ ಔಷಧಿ ಇರಲಿ. ಮಳೆಗಾಲವಾದರೆ ರೇನ್‌ಕೋಟ್ ಬೇಕು, ಕೊಡೆ ಸಾಲದು, ಏಕೆಂದರೆ ಎರಡೂ ಕೈಗೆ ಕೆಲಸವಿರುತ್ತದೆ. ಬೆರಳು ಗಾತ್ರದ ಹತ್ತಿ ಹಗ್ಗ 3 ಮೀಟರ್ ಒಯ್ಯಿರಿ. ನೈಲಾನ್ ಹಗ್ಗದಲ್ಲಿ ಕಲಿಯುವವರ ಗಂಟು ನಿಲ್ಲುವುದಿಲ್ಲ, ತಪ್ಪು ತಮ್ಮದೋ ಹಗ್ಗದ್ದೋ ಎಂದೂ ತಿಳಿಯುವುದಿಲ್ಲ.

ಲಾಗ್‌ಬುಕ್ (ಶಿಬಿರದಲ್ಲಿ ಬರೆಯುವ ದಿನಚರಿ ಪುಸ್ತಕ) ಬಗ್ಗೆ ಒಂದು ಮಾತು. ಮಿಂಚುಕಾಗದ ಅಂಟಿಸುತ್ತ, ಬಣ್ಣದ ಪೆನ್ನಿನಲ್ಲಿ ಶೀರ್ಷಿಕೆ ಬರೆಯುತ್ತ ನಡುರಾತ್ರಿಯವರೆಗೆ ಕೂರುವವರಿದ್ದಾರೆ. ಅಷ್ಟು ಹೊತ್ತು ನಿದ್ದೆ ಮಾಡುವುದೇ ಮೇಲು. ಪ್ರತಿ ಆಟಕ್ಕೆ ಎಷ್ಟು ನಿಮಿಷ ಹಿಡಿಯಿತು, ಏನು ಸಾಮಗ್ರಿ ಬೇಕಾಯಿತು, ಎಲ್ಲಿ ಗೊಂದಲವಾಯಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಊರಿಗೆ ಮರಳಿದ ಮೇಲೆ ಉಪಯೋಗಕ್ಕೆ ಬರುವುದು ಆ ಗುರುತುಗಳೇ.

ನಮ್ಮ ಘಟಕದಲ್ಲಿ 58 ಮಕ್ಕಳಿದ್ದಾರೆ. ತರಬೇತಿ ಮುಗಿಸಿ ಬಂದೆ. ಪ್ಯಾಟ್ರೋಲ್ ಮಾಡಿದರೂ ಎಲ್ಲವನ್ನೂ ನಾನೇ ಹೇಳಬೇಕಾಗಿದೆ. ಲೀಡರ್ ಮಕ್ಕಳು ಬಾಯಿ ಬಿಡುವುದಿಲ್ಲ. ಏನು ತಪ್ಪಾಗಿದೆ?
(ಚಿತ್ರದುರ್ಗ)

ಮೊದಲ ತಪ್ಪು ಸಂಖ್ಯೆಯದು. ಒಂದು ಸ್ಕೌಟ್ ದಳಕ್ಕೆ 32 ಮಕ್ಕಳೇ ಮಿತಿ. 58 ಮಕ್ಕಳೆಂದರೆ ಎರಡು ದಳ, ಎರಡು ನೋಂದಣಿ, ತರಬೇತಾದ ಇಬ್ಬರು ದೊಡ್ಡವರು. 29 ಮಕ್ಕಳ ಪ್ರತಿ ದಳದಲ್ಲಿ 7, 7, 7, 8ರಂತೆ ನಾಲ್ಕು ಪ್ಯಾಟ್ರೋಲ್ ಆಗುತ್ತವೆ. ಎರಡನೆಯ ಶಿಕ್ಷಕರು ಸಿಗದಿದ್ದರೆ 32ಕ್ಕೆ ನಿಲ್ಲಿಸಿ ಉಳಿದವರ ಹೆಸರನ್ನು ಕಾಯುವ ಪಟ್ಟಿಯಲ್ಲಿಡಿ. ಮಕ್ಕಳ ಮುಖ ಬಾಡಬಹುದು, ಆದರೂ 58 ಜನರನ್ನು ಒಬ್ಬರೇ ಸಾಲಾಗಿ ನಿಲ್ಲಿಸುತ್ತ ಕೂರುವುದಕ್ಕಿಂತ ಅದು ವಾಸಿ.

ಎರಡನೆಯದು ವಿಂಗಡಣೆ. ಎತ್ತರದ ಪ್ರಕಾರವೋ ಹಾಜರಿ ಪುಸ್ತಕದ ಕ್ರಮದಲ್ಲೋ ಮಾಡಿದ ಗುಂಪು ಕವಾಯತಿಗೆ ಸರಿ, ಪ್ಯಾಟ್ರೋಲ್‌ಗೆ ಆಗದು. ಎಂಟನೆಯ ತರಗತಿಯವರೂ ಹತ್ತನೆಯ ತರಗತಿಯವರೂ ಒಂದೇ ಪ್ಯಾಟ್ರೋಲ್‌ನಲ್ಲಿರಲಿ. ಗೆಳೆಯರು ಜೊತೆಗಿರಲಿ. ಒಮ್ಮೆ ಮಾಡಿದ ಗುಂಪನ್ನು ವರ್ಷದ ನಡುವೆ ಕಲಕಬೇಡಿ.

ಲೀಡರ್ ಮಕ್ಕಳು ಬಾಯಿ ಬಿಡದಿರುವುದಕ್ಕೆ ಕಾರಣ ಹೆಚ್ಚಾಗಿ ಒಂದೇ: ಉಳಿದವರಿಗೆ ಗೊತ್ತಿಲ್ಲದ ಯಾವುದೂ ಅವರಿಗೂ ಗೊತ್ತಿಲ್ಲ. ಹೊಸ ಗಂಟನ್ನು ನೀವು ಇಡೀ ದಳಕ್ಕೆ ಒಟ್ಟಿಗೆ ತೋರಿಸಿದರೆ ಲೀಡರ್‌ಗೆ ಕಲಿಸಲು ಏನು ಉಳಿಯಿತು? ದಳದ ಸಭೆಯ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ನಾಲ್ವರು ಲೀಡರ್‌ಗಳನ್ನೂ ಅವರ ಸಹಾಯಕರನ್ನೂ 45 ನಿಮಿಷ ಕೂರಿಸಿಕೊಳ್ಳಿ. ಮರುದಿನದ ಪಾಠ ಅವರಿಗೆ ಮೊದಲೇ ಕೈಗೆ ಬಂದಿರಲಿ. ಆಮೇಲೆ 90 ನಿಮಿಷದ ಸಭೆ ಹೀಗೆ ನಡೆಯಬಹುದು: ಧ್ವಜ, ಪ್ರಾರ್ಥನೆ, ತಪಾಸಣೆಗೆ 10 ನಿಮಿಷ. ಓಡಾಟದ ಒಂದು ಆಟಕ್ಕೆ 10. ಪ್ಯಾಟ್ರೋಲ್ ಕಾರ್ನರ್‌ಗೆ 20, ಇಲ್ಲಿ ಪ್ರತಿ ಪ್ಯಾಟ್ರೋಲ್ ತನ್ನ ಮೂಲೆಯಲ್ಲಿ ಬೇರೆಯಾಗಿ ಕೂತು ಚಂದಾ, ಹಾಜರಿ, ಮುಂದಿನ ಕೆಲಸದ ಮಾತುಕತೆ. ಲೀಡರ್‌ಗಳೇ ಕಲಿಸುವ ಹೊಸ ಕೌಶಲಕ್ಕೆ 20. ಅದೇ ಕೌಶಲದ ಮೇಲೆ ಪ್ಯಾಟ್ರೋಲ್‌ಗಳ ನಡುವೆ ಪಂದ್ಯಕ್ಕೆ 15. ಹಾಡು ಅಥವಾ ಕಥೆಗೆ 10. ಧ್ವಜ ಇಳಿಸಲು 5. ಕಾರ್ನರ್ ನಡೆಯುವಾಗ ನೀವು ಮೈದಾನದ ಅಂಚಿನಲ್ಲಿರಿ. ಕರೆದರೆ ಮಾತ್ರ ಹೋಗಿ. ಮೊದಲ ಕೆಲವು ವಾರ ಗದ್ದಲವಾಗುತ್ತದೆ, ಸಮಯ ಮೀರುತ್ತದೆ. ಅದಕ್ಕೆ ಹೆದರಿ ಸೀಟಿ ಊದಿದಿರೋ, ಮತ್ತೆ ಮೊದಲಿನ ಪಾಡೇ.

ಕೋರ್ಟ್ ಆಫ್ ಆನರ್, ಅಂದರೆ ಪ್ಯಾಟ್ರೋಲ್ ಲೀಡರ್‌ಗಳ ಸಭೆ, ತಿಂಗಳಿಗೊಮ್ಮೆ ನಡೆಯಲಿ. ಅಲ್ಲಿ ಸ್ಕೌಟ್ ಮಾಸ್ಟರ್ ಸಲಹೆಗಾರ ಮಾತ್ರ, ಮತ ಹಾಕುವವರಲ್ಲ. ಶಿಬಿರ ಎಲ್ಲಿ, ದಳದ ದುಡ್ಡು ಯಾವುದಕ್ಕೆ, ಶಿಸ್ತು ಮೀರಿದವರಿಗೆ ಏನು ಎಂಬುದನ್ನು ಮಕ್ಕಳೇ ತೀರ್ಮಾನಿಸಿ ಪುಸ್ತಕದಲ್ಲಿ ಬರೆಯಲಿ.

ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನಾನೊಬ್ಬನೇ ಉತ್ಸಾಹಿ. ಗೈಡ್ ಘಟಕ ನಡೆಸಬಹುದೇ?
(ರಾಯಚೂರು)

ಆಗದು. ಗೈಡ್ ಘಟಕ ನಡೆಸುವ ಗೈಡ್ ಕ್ಯಾಪ್ಟನ್ ಮಹಿಳೆಯೇ ಆಗಿರಬೇಕು. ಸಹೋದ್ಯೋಗಿ ಶಿಕ್ಷಕಿಯೊಬ್ಬರನ್ನು ತರಬೇತಿಗೆ ಕಳುಹಿಸಿ, ಪರವಾನಗಿ ಪತ್ರ, ಬಸ್ಸು, ಶಿಬಿರದ ಜಾಗ, ಲೆಕ್ಕಪತ್ರಗಳನ್ನು ನೀವು ನೋಡಿಕೊಂಡರೆ ಅವರ ಅರ್ಧ ಹೊರೆ ಇಳಿಯುತ್ತದೆ.

ಇದಕ್ಕೆ ಸೇರಿದ ಇನ್ನೊಂದು ವಿಷಯವನ್ನು ಯಾವ ಘಟಕವೂ ಮರೆಯಬಾರದು. ದೊಡ್ಡವರೊಬ್ಬರು ಒಂದು ಮಗುವಿನೊಡನೆ ಬೇರೆಯವರ ಕಣ್ಣಿಗೆ ಬೀಳದ ಜಾಗದಲ್ಲಿ ಒಬ್ಬರೇ ಇರಬಾರದು. ಡೇರೆಯಲ್ಲಿ ಮಕ್ಕಳೊಡನೆ ದೊಡ್ಡವರು ಮಲಗಬಾರದು. ಹೊರಗೆ ಹೋದಾಗ ಕನಿಷ್ಠ ಇಬ್ಬರು ದೊಡ್ಡವರಿರಬೇಕು. ವಿಶ್ವ ಸ್ಕೌಟ್ ಸಂಸ್ಥೆ ಸೇಫ್ ಫ್ರಮ್ ಹಾರ್ಮ್ ಎಂಬ ಹೆಸರಿನಲ್ಲಿ ಇದಕ್ಕಾಗಿಯೇ ತರಬೇತಿ ಇಟ್ಟಿದೆ. ತನ್ನ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಮಗು ಏನಾದರೂ ಹೇಳಿಕೊಂಡರೆ ನೀವೇ ವಿಚಾರಣೆಗೆ ಇಳಿಯಬೇಡಿ. ಅದರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. "ಶಾಲೆಯ ಹೆಸರು ಕೆಡುತ್ತದೆ" ಎಂದು ಮುಚ್ಚಿಟ್ಟವರಿಗೆ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098 ಮಕ್ಕಳಿಗೂ ಬಾಯಿಪಾಠವಾಗಿರಲಿ.

ಕೆಲವು ಸ್ಕೌಟ್ ಮಾಸ್ಟರ್‌ಗಳ ಕೊರಳಲ್ಲಿ ಮರದ ಎರಡು ಮಣಿ ಇರುತ್ತವೆ, ಕೆಲವರಲ್ಲಿ ನಾಲ್ಕು. ಏನದು?
(ಪುತ್ತೂರು)

ಎರಡು ಮಣಿ ಎಂದರೆ ಸ್ಕೌಟ್ ನಾಯಕರ ಉನ್ನತ ತರಬೇತಿ ಮುಗಿಸಿ ಹಿಮಾಲಯ ವುಡ್ ಬ್ಯಾಡ್ಜ್ ಪಡೆದವರು. ಮೂರಿದ್ದರೆ ಸಹಾಯಕ ತರಬೇತುದಾರರು, ನಾಲ್ಕಿದ್ದರೆ ಲೀಡರ್ ಟ್ರೈನರ್. ಬೇಸಿಕ್ ಕೋರ್ಸ್, ಘಟಕದಲ್ಲಿ ಕೆಲಸ, ಏಳು ದಿನದ ಅಡ್ವಾನ್ಸ್‌ಡ್ ಕೋರ್ಸ್, ಮತ್ತೆ ಘಟಕದಲ್ಲಿ ಕೆಲಸ, ಆಮೇಲೆ ವುಡ್ ಬ್ಯಾಡ್ಜ್ ಎಂಬುದು ದಾರಿ. ನಡುನಡುವಿನ ಆ ಘಟಕದ ಕೆಲಸವೇ ನಿಜವಾದ ಪರೀಕ್ಷೆ. ಕೋರ್ಸಿನ ಮೇಲೆ ಕೋರ್ಸ್ ಮುಗಿಸಿ ಪ್ರಮಾಣಪತ್ರ ಪೇರಿಸಿಕೊಂಡವರ ಘಟಕ ನೋಡಿದರೆ ಕೆಲವೊಮ್ಮೆ ಅಲ್ಲಿ ಒಂದು ಹಗ್ಗವೂ ಇರುವುದಿಲ್ಲ.

ಈ ತರಬೇತಿ ಮೊದಲು ನಡೆದದ್ದು ಲಂಡನ್ ಬಳಿಯ ಗಿಲ್ವೆಲ್ ಪಾರ್ಕಿನಲ್ಲಿ, 1919ರ ಸೆಪ್ಟೆಂಬರಿನಲ್ಲಿ. ಜುಲು ದೊರೆ ದಿನುಜುಲುವಿನದೆಂದು ಹೇಳುವ ಮಣಿಹಾರದಿಂದ ಬಿಡಿಸಿದ ಮಣಿಗಳನ್ನು ಬೇಡನ್ ಪೊವೆಲ್ ಹಂಚಿದರು. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಪಚಮಢಿಯಲ್ಲಿ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ಕರ್ನಾಟಕದವರಿಗೆ ಪರಿಚಿತ ಜಾಗ ದೊಡ್ಡಬಳ್ಳಾಪುರದ ಡಾ. ಆನಿ ಬೆಸೆಂಟ್ ಪಾರ್ಕ್. ಆ ಹೆಸರಿಗೆ ಕಾರಣವಿದೆ. 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ದೇಶದ ಮೊದಲ ಸ್ಕೌಟ್ ದಳ ಕಟ್ಟಿದಾಗ ಅದರಲ್ಲಿ ಭಾರತೀಯ ಮಕ್ಕಳಿಗೆ ಜಾಗವಿರಲಿಲ್ಲ. ಅವರಿಗಾಗಿ ಬೇರೆಯೇ ಸಂಘ ಕಟ್ಟಿದವರಲ್ಲಿ ಆನಿ ಬೆಸೆಂಟ್ ಪ್ರಮುಖರು. ಬೇರೆ ಬೇರೆ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು.

ಶಿಬಿರದಲ್ಲಿ ಬಿದಿರಿನ ಹೆಬ್ಬಾಗಿಲು ಕಟ್ಟಿದೆವು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಟ್ಟೂ ಸಡಿಲ. ಡೇರೆಯ ಗೂಟಗಳೂ ರಾತ್ರಿ ಮಳೆಗೆ ಕಿತ್ತುಬಂದವು.
(ಶಿರಸಿ)

ಕತ್ತಾಳೆ ಅಥವಾ ಪುಂಡಿ ನಾರಿನ 6 ಮಿಲಿಮೀಟರ್ ಹಗ್ಗ ಬಳಸಿ. ಬಿದಿರಿನ ಮೈ ನುಣುಪು, ನೈಲಾನೂ ನುಣುಪು, ಎರಡೂ ಸೇರಿದರೆ ಹಿಡಿತವೆಲ್ಲಿ? ಅಳತೆಗೆ ಸುಲಭದ ಲೆಕ್ಕವಿದೆ: ಎರಡು ಗಳಗಳ ದಪ್ಪವನ್ನು ಇಂಚಿನಲ್ಲಿ ಕೂಡಿಸಿ ಮೂರರಿಂದ ಗುಣಿಸಿದರೆ ಎಷ್ಟು ಅಡಿ ಹಗ್ಗ ಬೇಕೆಂದು ಸಿಗುತ್ತದೆ. 2 ಇಂಚಿನ ಎರಡು ಗಳಕ್ಕೆ 12 ಅಡಿ. ಹಗ್ಗ ಮೊಟಕಾದಾಗ ಮಕ್ಕಳು ಕೊನೆಯ ಸುತ್ತುಗಳನ್ನು ನುಂಗಿಬಿಡುತ್ತಾರೆ. ಸಡಿಲ ಶುರುವಾಗುವುದು ಅಲ್ಲೇ.

ಅಡ್ಡ ಮತ್ತು ನಿಂತ ಗಳಗಳನ್ನು ಸೇರಿಸುವ ಸ್ಕ್ವೇರ್ ಲ್ಯಾಶಿಂಗ್ ಎಂಬ ಕಟ್ಟಿಗೆ ನಿಂತ ಗಳದ ಮೇಲೆ, ಅಡ್ಡಗಳದ ಕೆಳಗೆ ಕ್ಲೋವ್ ಹಿಚ್ ಗಂಟು ಹಾಕಿ. ಉಳಿದ ಗಿಡ್ಡ ತುದಿಯನ್ನು ಉದ್ದ ಹಗ್ಗಕ್ಕೆ ಸುತ್ತಿ. ಹಗ್ಗ ಅಡ್ಡಗಳದ ಮುಂದಿನಿಂದ ಮೇಲೇರಿ, ನಿಂತ ಗಳದ ಹಿಂದೆ ಹಾದು, ಮತ್ತೆ ಮುಂದಿನಿಂದ ಇಳಿದು ಹಿಂದೆ ಹೋಗಲಿ. ಹೀಗೆ ಮೂರು ಸುತ್ತು. ಅಡ್ಡಗಳದ ಮೇಲೆ ಪ್ರತಿ ಹೊಸ ಸುತ್ತು ಹಳೆಯದರ ಹೊರಗೆ, ನಿಂತ ಗಳದ ಮೇಲೆ ಒಳಗೆ ಬೀಳಬೇಕು. ಒಂದರ ಮೇಲೊಂದು ಹತ್ತಿದರೆ ಭಾರ ಬಿದ್ದಾಗ ಜಾರುತ್ತವೆ. ಆಮೇಲೆ ಎರಡು ಗಳಗಳ ನಡುವೆ ಹಗ್ಗವನ್ನೇ ಹಿಂಡುವಂತೆ ಎರಡು ಸುತ್ತು. ಕಟ್ಟಿನ ಜೀವ ಇರುವುದು ಇದರಲ್ಲಿ. ಬರಿಗೈಯಲ್ಲಿ ಎಳೆದರೆ ಸಾಲದು, ಹಗ್ಗವನ್ನು ಗೇಣುದ್ದದ ಕೋಲಿಗೆ ಸುತ್ತಿಕೊಂಡು ಜಗ್ಗಿ. ಕೊನೆಯ ಕ್ಲೋವ್ ಹಿಚ್ ಅಡ್ಡಗಳದ ಮೇಲೆ. ಗಳಗಳು ಒಂದಕ್ಕೊಂದು ತಾಗದೆ ದೂರ ಸಿಡಿಯುತ್ತಿದ್ದರೆ ಈ ಕಟ್ಟು ಕೆಲಸಕ್ಕೆ ಬಾರದು. ಟಿಂಬರ್ ಹಿಚ್‌ನಿಂದ ಶುರುವಾಗುವ, ಓರೆಯಾಗಿ ಸುತ್ತುವ ಡಯಾಗನಲ್ ಲ್ಯಾಶಿಂಗ್ ಹಾಕಿ. ಹಸಿ ಬಿದಿರು ಒಣಗುತ್ತ ಕುಗ್ಗುತ್ತದೆ, ಹಾಗಾಗಿ ಪ್ರತಿದಿನ ಬೆಳಗ್ಗೆ ಕಟ್ಟುಗಳನ್ನು ತಿರುಗಿ ನೋಡಲೇಬೇಕು.

ಗೂಟ ಕಿತ್ತುಬಂದದ್ದಕ್ಕೆ ಕಾರಣ ಹತ್ತಿ ಹಗ್ಗ. ನೆನೆದರೆ ಅದು ಮೊಟಕಾಗುತ್ತದೆ, ಗೂಟವನ್ನು ತಾನೇ ಎಳೆಯುತ್ತದೆ. ಮಲಗುವ ಮುಂಚೆ ಹಗ್ಗವನ್ನು ಸ್ವಲ್ಪ ಸಡಿಲಿಸಿ. ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿರಲಿ.

ಅಮೆರಿಕದಲ್ಲಿದ್ದೇವೆ. ಮಗಳ ಕಬ್ ಸ್ಕೌಟ್ ಪ್ಯಾಕ್‌ನಲ್ಲಿ (ಕಿರಿಯ ಮಕ್ಕಳ ಸ್ಕೌಟ್ ಘಟಕ) ನನ್ನನ್ನು ಡೆನ್ ಲೀಡರ್, ಅಂದರೆ ಅದರೊಳಗಿನ ಸಣ್ಣ ಗುಂಪಿನ ಹೊಣೆ ಹೊರುವವರು, ಆಗಲು ಕೇಳಿದ್ದಾರೆ. ಇಲ್ಲಿಯ ತರಬೇತಿ ಹೇಗೆ?
(ನ್ಯೂಜೆರ್ಸಿ)

ಬಾಯ್ ಸ್ಕೌಟ್ಸ್ ಆಫ್ ಅಮೆರಿಕ 2025ರ ಫೆಬ್ರವರಿಯಿಂದ ಸ್ಕೌಟಿಂಗ್ ಅಮೆರಿಕ ಎಂಬ ಹೆಸರಿನಲ್ಲಿದೆ. ಅಲ್ಲಿ ನಿಮ್ಮ ಹಿನ್ನೆಲೆ ಪರಿಶೀಲನೆಯೂ ಮಕ್ಕಳ ರಕ್ಷಣೆಯ ಆನ್‌ಲೈನ್ ತರಬೇತಿಯೂ ಮೊದಲು, ಉಳಿದದ್ದು ಆಮೇಲೆ. ಯಾವ ಚಟುವಟಿಕೆಗೂ 21 ದಾಟಿದ, ನೋಂದಾಯಿತ ಇಬ್ಬರು ದೊಡ್ಡವರು ಬೇಕು. ಡೆನ್ ಲೀಡರ್ ಪಾಠಗಳನ್ನು ಮನೆಯಲ್ಲೇ ಕೂತು ಮುಗಿಸಬಹುದು. ಪ್ಯಾಕ್ ರಾತ್ರಿ ಹೊರಗೆ ತಂಗಬೇಕಾದರೆ ಜೊತೆಗಿರುವವರಲ್ಲಿ ಒಬ್ಬರಾದರೂ ಬಲೂ ಎಂಬ ಹೊರಾಂಗಣ ತರಬೇತಿ ಪಡೆದಿರಬೇಕು. ವುಡ್ ಬ್ಯಾಡ್ಜ್ ಐಚ್ಛಿಕ: ಐದು ದಿನದ ಕೋರ್ಸ್, ಬಳಿಕ ನೀವೇ ಬರೆದುಕೊಂಡ ಐದು ಗುರಿಗಳನ್ನು 18 ತಿಂಗಳೊಳಗೆ ಮುಗಿಸಬೇಕು. ಮೊದಲ ವರ್ಷವೇ ಅದಕ್ಕೆ ಕೈಹಾಕಬೇಡಿ.

ಹಿರಿಯ ಸ್ಕೌಟ್ ಮಾಸ್ಟರ್ ಒಬ್ಬರ ಟಿಪ್ಪಣಿ ಪುಸ್ತಕ ಸಿಕ್ಕಿದೆ. ಪ್ರಥಮ ಚಿಕಿತ್ಸೆಯನ್ನು ಅದರಿಂದಲೇ ಕಲಿಸಬಹುದೇ?
(ತುಮಕೂರು)

ಗಂಟು, ಹಾಡು, ಆಟಗಳನ್ನು ಅದರಿಂದಲೇ ಕಲಿಸಿ. ಪ್ರಥಮ ಚಿಕಿತ್ಸೆ ಬೇಡ. ಹಾವು ಕಚ್ಚಿದರೆ ಮೇಲ್ಭಾಗಕ್ಕೆ ಬಿಗಿಯಾಗಿ ಕಟ್ಟು, ಬ್ಲೇಡಿನಿಂದ ಗೀರು, ರಕ್ತ ಹೀರು ಎಂದು ಹಳೆಯ ಟಿಪ್ಪಣಿಗಳಲ್ಲಿ ಇರುತ್ತದೆ. ಮೂರೂ ಅಪಾಯ. ಬಿಗಿದು ಕಟ್ಟಿದರೆ ಅಂಗಕ್ಕೆ ರಕ್ತ ನಿಂತು ಅದು ಕೊಳೆಯಬಹುದು. ಕಚ್ಚಿಸಿಕೊಂಡವರನ್ನು ನಡೆಸಬೇಡಿ, ಉಂಗುರ, ಗೆಜ್ಜೆ, ವಾಚ್ ತೆಗೆಯಿರಿ, ಮುರಿದ ಮೂಳೆಗೆ ಮಾಡುವಂತೆ ಅಂಗಕ್ಕೆ ಆಸರೆ ಕಟ್ಟಿ, ವಿಷನಿರೋಧಕ ಔಷಧಿ ಇರುವ ಆಸ್ಪತ್ರೆಗೆ ಒಯ್ಯಿರಿ. ಅದು ಎಲ್ಲಿದೆ ಎಂದು ಶಿಬಿರಕ್ಕೆ ಹೋಗುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಮೂಗಿನಿಂದ ರಕ್ತ ಬಂದಾಗ ತಲೆ ಹಿಂದಕ್ಕೆ ಬಾಗಿಸಬೇಡಿ, ರಕ್ತ ಗಂಟಲಿಗೆ ಇಳಿಯುತ್ತದೆ. ಮುಂದಕ್ಕೆ ಬಾಗಿಸಿ ಮೂಗಿನ ಮೆದು ಭಾಗವನ್ನು 10ರಿಂದ 15 ನಿಮಿಷ ಒತ್ತಿ ಹಿಡಿಯಿರಿ, ನಡುವೆ ಬಿಟ್ಟು ನೋಡಬೇಡಿ. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ನೀರು. ಟೂತ್‌ಪೇಸ್ಟ್, ಶಾಯಿ, ಅರಿಶಿನ ಯಾವುದೂ ಬೇಡ. ಟಿಪ್ಪಣಿ ಪುಸ್ತಕದ ಆ ಪುಟಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಸಾಧ್ಯವಾದರೆ ವರ್ಷಕ್ಕೊಮ್ಮೆ ಅವರನ್ನೇ ದಳಕ್ಕೆ ಕರೆಸಿ, ತ್ರಿಕೋನ ಪಟ್ಟಿಯಾಗಿ ಮಕ್ಕಳ ಕೊರಳಿನ ಸ್ಕಾರ್ಫನ್ನೇ ಕೊಡಿ.