ಹಳೆಯ ಯಕ್ಷಗಾನ ಆಟದ ವಿಡಿಯೋ ಕನ್ವರ್ಟ್ ಮಾಡಿ ಮೂಲ ಅಳಿಸಬೇಡಿ; ಬಾಕ್ಸ್ ಆಮೇಲೆ ತಗೊಳ್ಳಿ

ಅಣ್ಣ, ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದೆ. ಹಾರ್ಡ್‌ಡಿಸ್ಕಿನಲ್ಲಿ ಅಪ್ಪನ ಕಾಲದ ಆಟ-ಕೂಟಗಳ (ಯಕ್ಷಗಾನ ಪ್ರದರ್ಶನ, ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆ) ರೆಕಾರ್ಡಿಂಗ್, ಮನೆಯ ಮದುವೆ-ಉಪನಯನದ ವಿಡಿಯೋ, ಮತ್ತೆ ಒಂದಷ್ಟು ಹಾಡು ಉಂಟು. ಟಿವಿಗೆ ಚುಚ್ಚಿದರೆ ಅರ್ಧಕ್ಕರ್ಧ ಓಡುವುದಿಲ್ಲ. ಅದಕ್ಕೆ ಎಲ್ಲವನ್ನೂ ಕನ್ವರ್ಟರಿಗೆ ಹಾಕಿ ಸಣ್ಣ ಎಂಪಿ4 ಮಾಡಿ, ಮೂಲ ಅಳಿಸಿ, ಮೂರು ಸಾವಿರದ ಆಂಡ್ರಾಯ್ಡ್ ಬಾಕ್ಸ್ ತರುತ್ತೇನೆ ಅಂತ ಬರೆದಿದ್ದೀರಿ. ಕೆಳಗೆ ಕೆಲವರು ‘ಹಾಗೇ ಮಾಡಿ’ ಅಂತ ಹೇಳಿಯೂ ಆಯಿತು. ದಯವಿಟ್ಟು ಮಾಡಬೇಡಿ. ಕನ್ವರ್ಟ್ ಶುರುವಾಗಿದ್ದರೆ ಈಗಲೇ ನಿಲ್ಲಿಸಿ. ನಮ್ಮ ಮನೆಯಲ್ಲಿ ಇದೇ ಲೆಕ್ಕದಲ್ಲಿ ಒಂದು ಇಡೀ ರಾತ್ರಿಯ ಆಟ ಹಾಳಾಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಆ ಆಟ ಮಿನಿಡಿವಿ (ಹಳೆಯ ಡಿಜಿಟಲ್ ಕ್ಯಾಮೆರಾದ ಸಣ್ಣ ಕ್ಯಾಸೆಟ್) ಟೇಪಿನಿಂದ ತೆಗೆದ ಫೈಲು. ಗಂಟೆಗೆ ಸುಮಾರು 13 ಜಿಬಿ. ದೊಡ್ಡದಾಯಿತು ಅಂತ ಕಾಣುವುದು ಸಹಜ. ಆದರೆ ನಮ್ಮ ಕಡೆಯ ಆ ಕ್ಯಾಮೆರಾಗಳೆಲ್ಲ ಪಾಲ್ (PAL), ಅಂದರೆ ನಮ್ಮ ಹಳೆಯ ಟಿವಿಗಳ ಕ್ರಮದವು. ಸೆಕೆಂಡಿಗೆ 25 ಚಿತ್ರ ಅಂದರೂ ನಿಜದಲ್ಲಿ ಅದರೊಳಗೆ 50 ಅರ್ಧಚಿತ್ರ ಇರುತ್ತದೆ, ಒಂದು ಗೆರೆ ಬಿಟ್ಟು ಒಂದು ಗೆರೆ. ಇಂಟರ್‌ಲೇಸ್ ಅಂದರೆ ಅದೇ. ಉಚಿತ ಕನ್ವರ್ಟರ್ ಅದನ್ನು ಬಿಡಿಸದೆ, ಎರಡನ್ನೂ ಒಟ್ಟಿಗೆ ಅಂಟಿಸಿ, ಮೇಲಿಂದ ಅಳತೆ ಸಣ್ಣದು ಮಾಡಿತು. ವೇಷ ಸುಮ್ಮನೆ ನಿಂತಿದ್ದರೆ ಏನೂ ಗೊತ್ತಾಗುವುದಿಲ್ಲ. ಪುಂಡುವೇಷ (ಚುರುಕಿನ ಯುವಕನ ಪಾತ್ರ) ದಿಗಿಣ (ತಿರುಗುತ್ತಾ ಹಾರುವ ಕುಣಿತ) ಹಾರಿದ ಕೂಡಲೇ ಕೈ, ಗೆಜ್ಜೆ, ಸೊಂಟದ ಪಟ್ಟಿ ಎಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳು ಸೀಳು. ಚೆಂಡೆಯ ಕೋಲು ಎರಡೆರಡು ಕಾಣುತ್ತದೆ. ಅಳತೆ ಬದಲಾದ ಮೇಲೆ ಆ ಗೆರೆಗಳು ಒಂದರೊಳಗೆ ಒಂದು ಸೇರಿ ಹೋಗುತ್ತವೆ, ಯಾವ ಸಾಫ್ಟ್‌ವೇರಿನಿಂದಲೂ ಸರಿಯಾಗಿ ಬಿಡಿಸಲಿಕ್ಕೆ ಆಗುವುದಿಲ್ಲ. ಟೇಪಿನಿಂದ ಪುನಃ ತೆಗೆಯೋಣ ಅಂದರೆ ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆಗೆ ಕಪಾಟಿನೊಳಗೇ ಬೂಷ್ಟು ಹಿಡಿದಿತ್ತು.

ಹಾಗಾಗಿ ನನ್ನ ಮಾತು ಒಂದೇ. ಪ್ಲೇಯರಿಗೆ ಬೇಕಾಗಿ ಫೈಲನ್ನು ಬದಲಿಸಬೇಡಿ. ನಿಮ್ಮ ಫೈಲಿಗೆ ಹೊಂದುವ ಪ್ಲೇಯರ್ ಹುಡುಕಿ.

ಅದಕ್ಕೆ ನಾನು ಮಾಡುವ ಕ್ರಮ ಹೇಳುತ್ತೇನೆ. ಒಂದು ಪೆನ್‌ಡ್ರೈವ್ ತಗೊಳ್ಳಿ. ನಿಮ್ಮ ಡಿಸ್ಕಿನಲ್ಲಿ ಅತಿ ಹೆಚ್ಚು ತಕರಾರು ಮಾಡುವ ಫೈಲುಗಳನ್ನು ಆರಿಸಿ, ಒಂದೊಂದರಿಂದ ಎರಡೆರಡು ನಿಮಿಷದ ತುಂಡು ಅದಕ್ಕೆ ಹಾಕಿ. ತುಂಡು ಮಾಡಲಿಕ್ಕೆ ಲಾಸ್‌ಲೆಸ್‌ಕಟ್ ಅಂತ ಒಂದು ಸಾಫ್ಟ್‌ವೇರ್ ಸಾಕು, ಅದು ಪುನಃ ಎನ್‌ಕೋಡ್ ಮಾಡದೆ ಹಾಗೇ ಕತ್ತರಿಸುತ್ತದೆ. ಮಿನಿಡಿವಿಯದ್ದು ಒಂದು ಬೇಕೇ ಬೇಕು, ಅದೂ ದಿಗಿಣ ಇರುವ ಜಾಗವೇ ಇರಲಿ. ಹಳೆಯ ವಿಸಿಡಿಯಿಂದ ಕಾಪಿ ಮಾಡಿದ ಡಿಎಟಿ ಫೈಲು ಒಂದು. ಡಿವಿಡಿಯ ವಿಒಬಿ ಒಂದು. ಹ್ಯಾಂಡಿಕ್ಯಾಮ್‌ನ ಎಂಟಿಎಸ್ ಇದ್ದರೆ ಅದು. ಈಗಿನ ಫೋನಿನಲ್ಲಿ ತೆಗೆದ ಎಚ್‌ಇವಿಸಿ (ಹೊಸ ರೀತಿಯಲ್ಲಿ ಕುಗ್ಗಿಸಿದ) ವಿಡಿಯೋ. ಡಿಟಿಎಸ್ (ಸಿನೆಮಾಗಳಲ್ಲಿ ಬರುವ ಒಂದು ಬಗೆಯ ಸ್ವರ) ಆಡಿಯೋ ಇರುವ ಎಂಕೆವಿ ಇದ್ದರೆ ಅದನ್ನೂ ಹಾಕಿ. ಹೆಸರು ಕನ್ನಡದಲ್ಲೇ ಇರುವ ಎರಡು ಎಂಪಿ3, ಒಂದು ಫ್ಲಾಕ್ (ಗುಣಮಟ್ಟ ಕಳೆಯದ ಆಡಿಯೋ ಫೈಲು), ಒಂದು ಕನ್ನಡ ಸಬ್‌ಟೈಟಲ್. ಯಾವುದರ ಒಳಗೆ ಏನುಂಟು ಅಂತ ಗೊತ್ತಿಲ್ಲದಿದ್ದರೆ ಮೀಡಿಯಾಇನ್ಫೋ ಅಂತ ಒಂದು ಸಾಫ್ಟ್‌ವೇರ್ ಹಾಕಿ ನೋಡಿ. ಎಕ್ಸ್‌ಟೆನ್ಷನ್ ನೋಡಿ ತೀರ್ಮಾನಿಸಬೇಡಿ, ಎವಿಐ ಅಂದರೆ ಬರೀ ಡಬ್ಬ, ಒಳಗೆ ಏನು ಬೇಕಾದರೂ ಇರಬಹುದು.

ಪೆನ್‌ಡ್ರೈವ್ ಎಫ್‌ಎಟಿ32ರಲ್ಲೇ ಫಾರ್ಮ್ಯಾಟ್ ಮಾಡಿ, ಎಲ್ಲ ಟಿವಿಯೂ ಅದನ್ನು ಓದುತ್ತದೆ. 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದಿಲ್ಲ, ಅದಕ್ಕೇ ತುಂಡು ಮಾಡಿ ಅಂದದ್ದು.

ಇದನ್ನು ಹಿಡಿದುಕೊಂಡು ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಅಂಗಡಿಗೆ ಹೋಗಿ. ಚುಚ್ಚಿ ತೋರಿಸಿ ಅಂತ ಹೇಳಿ. ನಾಚಿಕೆ ಬೇಡ, ದುಡ್ಡು ನಿಮ್ಮದು. ಬಾಕ್ಸ್ ಆದರೆ ವಿಎಲ್‌ಸಿ ಅಥವಾ ಕೋಡಿ ಅನ್ನುವ ಪ್ಲೇಯರ್ ಆಪ್‌ನಲ್ಲಿ ಹಾಕಿ ನೋಡಬೇಕು, ಅದರದ್ದೇ ಪ್ಲೇಯರ್ ನಂಬಬೇಡಿ. ‘ಓಡಿತು’ ಅಂದರೆ ಸಾಲದು. ದಿಗಿಣದ ಜಾಗ ನೋಡಿ. ನಡುವಿನಿಂದ ಹತ್ತು ಸೆಕೆಂಡ್ ಹಿಂದೆ-ಮುಂದೆ ಮಾಡಿ, ಕೆಲವು ಬಾಕ್ಸ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಸ್ವರ ಬರುತ್ತದಾ, ತುಟಿಗೂ ಮಾತಿಗೂ ಸರಿಹೊಂದುತ್ತದಾ ನೋಡಿ. ಕನ್ನಡದ ಹೆಸರು ಚೌಕ ಚೌಕವಾಗಿ ಕಂಡರೆ ಅದರ ಫಾಂಟ್ ಸರಿ ಇಲ್ಲ. ಒತ್ತಕ್ಷರ ಪಕ್ಕಕ್ಕೆ ಜಾರಿದ್ದರೂ ಅಷ್ಟೇ. ಹಳೆಯ ಚೌಕಾಕಾರದ ವಿಡಿಯೋವನ್ನು ಟಿವಿ ಅಡ್ಡಕ್ಕೆ ಎಳೆದರೆ ಸೆಟ್ಟಿಂಗಿನಲ್ಲಿ 4:3 ಮಾಡಲಿಕ್ಕೆ ಆಗುತ್ತದಾ ಕೇಳಿ. ಅದಿಲ್ಲದಿದ್ದರೆ ಮದುಮಗಳಿಂದ ಹಿಡಿದು ಪುರೋಹಿತರ ತನಕ ಎಲ್ಲರೂ ಗಿಡ್ಡ-ದಪ್ಪ ಕಾಣುತ್ತಾರೆ.

ಡಿಟಿಎಸ್ ಬಗ್ಗೆ ಒಂದು ಮಾತು. 2018ರ ನಂತರದ ಸ್ಯಾಮ್‌ಸಂಗ್ ಟಿವಿಗಳು ಅದನ್ನು ಬಿಟ್ಟಿವೆ. ಚಿತ್ರ ಬರುತ್ತದೆ, ಸ್ವರ ಇಲ್ಲ ಅಂದರೆ ಹೆಚ್ಚಾಗಿ ಇದೇ ಕಾರಣ. ಫೈಲು ಹಾಳಾಗಿದೆ ಅಂತ ಅಳಿಸಿಬಿಡಬೇಡಿ.

ಈಗ ಆ ಮೂರು ಸಾವಿರದ ಬಾಕ್ಸ್. ಹೆಸರಿಲ್ಲದ, ‘8ಕೆ’ ಅಂತ ಸ್ಟಿಕ್ಕರ್ ಅಂಟಿಸಿದ ಬಾಕ್ಸ್ ಮನೆಯೊಳಗೆ ತರಲೇಬೇಡಿ. ಬೆಲೆಯ ಪ್ರಶ್ನೆ ಅಲ್ಲ. 2023ರಲ್ಲಿ ಟಿ95 ಅಂತ ಮಾರುತ್ತಿದ್ದ ಬಾಕ್ಸಿನ ಒಳಗೆ ಮೊದಲೇ ಮಾಲ್‌ವೇರ್ ಕೂತದ್ದು ಸಿಕ್ಕಿತ್ತು. 2025ರ ಜೂನಿನಲ್ಲಿ ಅಮೆರಿಕದ ಎಫ್‌ಬಿಐ ಇಂಥ ಸಾಧನಗಳ ಬಗ್ಗೆ ಬ್ಯಾಡ್‌ಬಾಕ್ಸ್ 2.0 ಅಂತ ಮಾಲ್‌ವೇರ್ ಜಾಲದ ಹೆಸರು ಹೇಳಿಯೇ ಎಚ್ಚರಿಸಿದೆ. ನೀವು ಬ್ಯಾಂಕ್ ಆಪ್ ಬಳಸುವ ವೈಫೈಗೇ ಅದನ್ನು ಸೇರಿಸುವುದು, ನೆನಪಿರಲಿ. ಗೂಗಲ್ ಸರ್ಟಿಫೈಡ್ ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಬಾಕ್ಸ್ ಮಾತ್ರ ತಗೊಳ್ಳಿ. ಅಮೆಜಾನಿನ ಫೈರ್ ಸ್ಟಿಕ್ ಕೆಟ್ಟದ್ದಲ್ಲ, ಆದರೆ ವೇಗಾ ಓಎಸ್ ಇರುವ ಹೊಸ ಮಾಡೆಲಿನಲ್ಲಿ ಹೊರಗಿನ ಆಂಡ್ರಾಯ್ಡ್ ಆಪ್ ಹಾಕಲಿಕ್ಕಾಗುವುದಿಲ್ಲ, ಕೋಡಿ ಬೇಕಾದವರಿಗೆ ಅದು ಉಪಯೋಗಕ್ಕಿಲ್ಲ.

ಮನೆಯಲ್ಲಿ ಟಿವಿ ಒಂದೇ, ನೋಡುವವರೂ ಅಲ್ಲೇ ಕೂತು ನೋಡುವವರು ಅಂತಾದರೆ ಇನ್ನು ಹೆಚ್ಚು ಓದಬೇಕಾಗಿಲ್ಲ. ಒಳ್ಳೆಯ ಬಾಕ್ಸ್, ಅದಕ್ಕೆ ಕೋಡಿ, ಡಿಸ್ಕ್ ನೇರ ಬಾಕ್ಸಿಗೇ. ಮುಗಿಯಿತು. ಡಿಸ್ಕಿಗೆ ಕರೆಂಟು ಸಾಲದಿದ್ದರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿ.

ಆದರೆ ನಿಮ್ಮ ಮಗ ಬಹರೈನಿನಲ್ಲಿ ಇದ್ದಾನೆ, ಅವನಿಗೂ ನೋಡಬೇಕು ಅಂತ ಬರೆದಿದ್ದೀರಲ್ವಾ, ಹಾಗಾದರೆ ಸರ್ವರ್ ಬೇಕು, ಅಂದರೆ ಮನೆಯಲ್ಲೇ ಇದ್ದು ಎಲ್ಲ ಕಡೆಗೆ ವಿಡಿಯೋ ಕಳಿಸುವ ಕಂಪ್ಯೂಟರ್. ಅದಕ್ಕೆ ಹಾಕುವ ಸಾಫ್ಟ್‌ವೇರುಗಳಲ್ಲಿ ನನ್ನ ಮತ ಜೆಲ್ಲಿಫಿನ್‌ಗೆ. 2018ರಲ್ಲಿ ಎಂಬಿ (Emby) ಅನ್ನುವ ಸಾಫ್ಟ್‌ವೇರ್ ತನ್ನ ಕೋಡ್ ಮುಚ್ಚಿದಾಗ ಅದರಿಂದ ಕವಲೊಡೆದು ಬಂದದ್ದು ಇದು, ಪೂರ್ತಿ ಉಚಿತ. ಇದೇ ಕೆಲಸದ ಪ್ಲೆಕ್ಸ್ ನೋಡಲಿಕ್ಕೆ ಚಂದ, ಹಾಕುವುದೂ ಸುಲಭ. ಆದರೆ 2025ರ ಏಪ್ರಿಲಿನಿಂದ ನಮ್ಮದೇ ವಿಡಿಯೋವನ್ನು ಹೊರಗಿನಿಂದ ನೋಡಲಿಕ್ಕೂ ದುಡ್ಡು ಕೇಳುತ್ತದೆ. ಲೈಫ್‌ಟೈಮ್ ಪಾಸ್ ಆಗಲೇ 120 ಡಾಲರಿನಿಂದ 250ಕ್ಕೆ ಏರಿತು. ಅಪ್ಪನ ಅರ್ಥಗಾರಿಕೆ (ತಾಳಮದ್ದಳೆಯ ಮಾತು) ಕೇಳಲಿಕ್ಕೆ ಇನ್ನೊಬ್ಬರಿಗೆ ಬಾಡಿಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಸರ್ವರಿಗೆ ಹೊಸ ಯಂತ್ರ ಬೇಕೆಂದಿಲ್ಲ. ಇಂಟೆಲ್ ಏಳನೇ ತಲೆಮಾರು ಅಥವಾ ನಂತರದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದೇ ಧಾರಾಳ. ಅದರ ಚಿಪ್ಪಿನಲ್ಲೇ ಇರುವ ಕ್ವಿಕ್‌ಸಿಂಕ್ ಅನ್ನುವ ವಿಡಿಯೋ ಸೌಲಭ್ಯ ಆನ್ ಮಾಡಿದರೆ ಎಚ್‌ಇವಿಸಿಯನ್ನೂ ಆರಾಮವಾಗಿ ಬಿಡಿಸುತ್ತದೆ. ಕರೆಂಟು ಹೋದರೆ ಅದರ ಬ್ಯಾಟರಿಯೇ ಯುಪಿಎಸ್. ಬ್ಯಾಟರಿ ಉಬ್ಬಿದೆಯಾ ಅಂತ ಆಗಾಗ ನೋಡಿ, ಉಬ್ಬಿದ್ದರೆ ತೆಗೆದುಬಿಡಿ. ಹೊಸತೇ ಬೇಕಾದರೆ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿ. ಇಲ್ಲಿ ಒಬ್ಬರು ರಾಸ್ಪ್‌ಬೆರಿ ಪೈ 5 ಅನ್ನುವ ಪುಟ್ಟ ಕಂಪ್ಯೂಟರ್ ತಗೊಳ್ಳಿ ಅಂದಿದ್ದಾರೆ. ಫೈಲನ್ನು ಹಾಗೇ ಕಳಿಸಲಿಕ್ಕೆ ಅದು ಅಡ್ಡಿಯಿಲ್ಲ. ಆದರೆ ಅದರಲ್ಲಿ ಹಾರ್ಡ್‌ವೇರ್ ಎನ್‌ಕೋಡರ್ ಇಲ್ಲ, ಟ್ರಾನ್ಸ್‌ಕೋಡ್ (ಕಳಿಸುವಾಗಲೇ ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುವುದು) ಮಾಡಬೇಕಾಗಿ ಬಂದಾಗ ಬೆವರು ಬಿಡುತ್ತದೆ. ನಿಮ್ಮ ಡಿವಿ ಫೈಲಿಗೆ ಟ್ರಾನ್ಸ್‌ಕೋಡ್ ಬೇಕೇ ಬೇಕು, ಫೋನುಗಳಿಗೆ ಅದು ನೇರ ಅರ್ಥವಾಗುವುದಿಲ್ಲ.

ಜೆಲ್ಲಿಫಿನ್‌ನಲ್ಲಿ ಎರಡು ಜಾಗದಲ್ಲಿ ಎಚ್ಚರ. ಲೈಬ್ರರಿ ಮಾಡುವಾಗ ‘ಮೂವೀಸ್’ ಆರಿಸಬೇಡಿ, ‘ಹೋಮ್ ವಿಡಿಯೋಸ್ ಆ್ಯಂಡ್ ಫೋಟೋಸ್’ ಆರಿಸಿ. ಮೂವೀಸ್ ಅಂದರೆ ಅದು ಇಂಟರ್ನೆಟ್ಟಿನಲ್ಲಿ ಹೆಸರು ಹುಡುಕುತ್ತದೆ. ಅಕ್ಕನ ಮದುವೆಗೆ ಯಾವುದೋ ಹಿಂದಿ ಸಿನೆಮಾದ ಪೋಸ್ಟರ್ ಬಂದು ಕೂತುಕೊಳ್ಳುತ್ತದೆ. ಇನ್ನೊಂದು, ಟ್ರಾನ್ಸ್‌ಕೋಡಿಂಗ್ ಸೆಟ್ಟಿಂಗಿನಲ್ಲಿ ಡಿಇಂಟರ್‌ಲೇಸ್ (ಅರ್ಧಚಿತ್ರಗಳನ್ನು ಬಿಡಿಸುವ) ವಿಧಾನ ಬಿಡಬ್ಲ್ಯೂಡಿಐಎಫ್ (BWDIF) ಇಟ್ಟು, ಫ್ರೇಮ್ ರೇಟ್ ದುಪ್ಪಟ್ಟು ಮಾಡುವ ಗೆರೆಗೆ ಟಿಕ್ ಹಾಕಿ. ಆಗ 50 ಅರ್ಧಚಿತ್ರವೂ 50 ಚಿತ್ರವಾಗಿ ಬರುತ್ತದೆ. ದಿಗಿಣ ಎಷ್ಟು ನಯವಾಗಿ ಕಾಣುತ್ತದೆ ಅಂತ ನೀವೇ ನೋಡಿ. ಮೂಲ ಫೈಲು ಡಿಸ್ಕಿನಲ್ಲಿ ಹಾಗೇ ಇರುತ್ತದೆ, ಬದಲಾಗುವುದು ಟಿವಿಗೆ ಹೋಗುವ ಪ್ರತಿ ಮಾತ್ರ. ಕಂಪ್ಯೂಟರಿನಲ್ಲಿ ವಿಎಲ್‌ಸಿಯಲ್ಲಿ ನೋಡುವವರು ವಿಡಿಯೋ ಮೆನುವಿನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್ ಯಾಡಿಫ್ 2ಎಕ್ಸ್ (Yadif 2x) ಇಡಿ.

ಎಐ ಹಾಕಿ ಹಳೆಯ ವಿಸಿಡಿಯನ್ನು 4ಕೆ ಮಾಡುತ್ತೇವೆ ಅಂತ ಈಗ ಜಾಹೀರಾತು ಜಾಸ್ತಿ. ವಿಸಿಡಿಯಲ್ಲಿ ಇರುವುದೇ 352×288. ಇಲ್ಲದ್ದನ್ನು ಅದು ಊಹಿಸಿ ಬರೆಯುತ್ತದೆ. ಬಣ್ಣದ ವೇಷದ ಮುಖದ ಮೇಲಿನ ಚಿಟ್ಟಿಯನ್ನೆಲ್ಲ (ಬಿಳಿ ಚುಕ್ಕೆಗಳ ಅಲಂಕಾರ) ಕಸ ಅಂತ ಒರೆಸಿ ನುಣುಪು ಮಾಡಿಬಿಡುತ್ತದೆ. ನೋಡಿ ಹೊಟ್ಟೆ ಉರಿಯುತ್ತದೆ.

ಹೆಸರಿನ ತೊಂದರೆ ಒಂದುಂಟು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸರ್ವರಿಗೆ ಲಿನಕ್ಸ್ ಹಾಕಿದರೆ ಡಿಸ್ಕಿನ ಫಾರ್ಮ್ಯಾಟ್ ಸಾಮಾನ್ಯವಾಗಿ ಇಎಕ್ಸ್‌ಟಿ4 ಆಗಿರುತ್ತದೆ. ಅದರಲ್ಲಿ ಫೈಲಿನ ಹೆಸರು 255 ಬೈಟ್ ಮೀರಬಾರದು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್, ಕನ್ನಡದ್ದಕ್ಕೆ ಮೂರು. ಅದೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ಒಂದಕ್ಕೇ 18 ಬೈಟ್ ಹೋಗುತ್ತದೆ. ಪ್ರಸಂಗ, ಮೇಳ, ಊರು, ಭಾಗವತರು, ಪಾತ್ರಧಾರಿಗಳು ಅಂತ ಉದ್ದಕ್ಕೆ ಕನ್ನಡದಲ್ಲಿ ಹೆಸರಿಟ್ಟ ಫೈಲು ವಿಂಡೋಸಿನಲ್ಲಿ ಸರಿಯಾಗಿಯೇ ಇರುತ್ತದೆ, ಇಲ್ಲಿಗೆ ಕಾಪಿ ಮಾಡುವಾಗ ಎಡವುತ್ತದೆ. ಒಂದಷ್ಟು ಫೈಲು ಬಾರದೆ ಉಳಿದದ್ದು ಗಮನಕ್ಕೇ ಬರುವುದಿಲ್ಲ. ಕಾಪಿ ಆದ ಮೇಲೆ ಎರಡೂ ಕಡೆಯ ಫೈಲುಗಳ ಲೆಕ್ಕ ತಾಳೆ ನೋಡಿಯೇ ಮುಂದೆ ಹೋಗಿ. ಹೆಸರಿನಲ್ಲಿ ವರ್ಷ, ಪ್ರಸಂಗ, ಊರು ಸಾಕು, ಉಳಿದದ್ದು ಅದೇ ಫೋಲ್ಡರಿನಲ್ಲಿ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಹಾಗೆಯೇ ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಎಲ್ಲ ಪ್ಲೇಯರಿನಲ್ಲೂ ಗೋಜಲಾಗಿಯೇ ಕಾಣುತ್ತವೆ, ಅವನ್ನು ಯೂನಿಕೋಡಿಗೆ ತರಲೇಬೇಕು.

ಹಾಡು ಮತ್ತು ತಾಳಮದ್ದಳೆಗೆ ಜೆಲ್ಲಿಫಿನ್ ನನಗೆ ಅಷ್ಟು ಹಿಡಿಸಲಿಲ್ಲ. ಅದೇ ಯಂತ್ರದಲ್ಲಿ ನ್ಯಾವಿಡ್ರೋಮ್ ಅನ್ನುವ ಹಾಡಿನ ಸರ್ವರ್ ಹಾಕಿ, ಕೇಳಲಿಕ್ಕೆ ಫೋನಿನಲ್ಲಿ ಸಿಂಫೋನಿಯಮ್ ಆಪ್. ಆಪ್‌ಗೆ ಸ್ವಲ್ಪ ದುಡ್ಡು ಕೊಡಬೇಕು, ಕೊಡಬಹುದಾದದ್ದೇ. ನ್ಯಾವಿಡ್ರೋಮ್ ಫೋಲ್ಡರ್ ಬಿಟ್ಟು ಟ್ಯಾಗನ್ನು (ಫೈಲಿನೊಳಗೆ ಬರೆದ ಹೆಸರು-ವಿವರ) ನಂಬುತ್ತದೆ, ಹಾಗಾಗಿ ಮೊದಲು ಅದನ್ನು ತಿದ್ದುವ ಎಂಪಿ3ಟ್ಯಾಗ್ ಸಾಫ್ಟ್‌ವೇರ್ ತೆರೆದು ಕೂರಬೇಕು. ಕೂಟದಲ್ಲಿ ಅರ್ಥಧಾರಿಗಳು ಐದಾರು ಜನ. ಎಲ್ಲರನ್ನೂ ಆರ್ಟಿಸ್ಟ್ ಜಾಗದಲ್ಲಿ ತುರುಕಿದರೆ ಒಂದೇ ಕೂಟ ಐದಾರು ತುಂಡಾಗಿ ಚೆಲ್ಲಾಪಿಲ್ಲಿ. ಆಲ್ಬಮ್ ಅಂದರೆ ಪ್ರಸಂಗ, ಆಲ್ಬಮ್ ಆರ್ಟಿಸ್ಟ್ ಅಂದರೆ ಭಾಗವತರು ಒಬ್ಬರೇ, ಅರ್ಥಧಾರಿಗಳ ಹೆಸರು ಕಮೆಂಟಿನಲ್ಲಿ. ಟ್ರ್ಯಾಕ್ ನಂಬ್ರ ತಪ್ಪದೆ ಹಾಕಿ. 90 ನಿಮಿಷದ ಕ್ಯಾಸೆಟ್ ಆದರೆ 45 ನಿಮಿಷಕ್ಕೆ ಮಗ್ಗುಲು ಬದಲಿಸುವಲ್ಲಿ ಮಾತು ಅರ್ಧಕ್ಕೆ ತುಂಡಾಗಿರುತ್ತದೆ. ಆಪ್‌ನಲ್ಲಿ ಗ್ಯಾಪ್‌ಲೆಸ್ (ಟ್ರ್ಯಾಕುಗಳ ನಡುವೆ ಬಿಡುವಿಲ್ಲದೆ ಓಡಿಸುವುದು) ಆನ್ ಇದ್ದರೆ ಅಲ್ಲಿ ಇನ್ನೊಂದು ಮೌನ ಸೇರುವುದಿಲ್ಲ. ಕ್ಯಾಸೆಟ್ ಇನ್ನೂ ಇದ್ದರೆ ಫ್ಲಾಕ್‌ಗೇ ತೆಗೆಯಿರಿ. ನಾಯ್ಸ್ ರಿಡಕ್ಷನ್ ಮೂಲಕ್ಕೆ ಮುಟ್ಟಿಸಬೇಡಿ, ಟೇಪಿನ ಹಿಸ್ ಸದ್ದು ಹೋಗುವಾಗ ಚಕ್ರತಾಳದ ನಾದವೂ ಹೋಗುತ್ತದೆ.

ಮಗನಿಗೆ ಕೊಡುವಾಗ ರೂಟರಿನಲ್ಲಿ ಪೋರ್ಟ್ ತೆರೆಯಬೇಡಿ. ನಮ್ಮಲ್ಲಿ ಹೆಚ್ಚಿನ ಕನೆಕ್ಷನ್ ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಇಂಟರ್ನೆಟ್ ವಿಳಾಸ ಹಂಚುವ ಕ್ರಮ) ಹಿಂದೆ ಇರುವ ಕಾರಣ ತೆರೆದರೂ ಪ್ರಯೋಜನ ಇಲ್ಲ. ಮನೆಯ ಸರ್ವರನ್ನೂ ಮಗನ ಫೋನನ್ನೂ ಜೋಡಿಸುವ ಟೇಲ್‌ಸ್ಕೇಲ್ ಅನ್ನುವ ವಿಪಿಎನ್ ಹಾಕಿ, ಮನೆ ಬಳಕೆಗೆ ಉಚಿತ. ಆ ದೇಶದಲ್ಲಿ ವಿಪಿಎನ್ ನಿಯಮ ಏನು ಅಂತ ಅವನೇ ಮೊದಲು ನೋಡಿಕೊಳ್ಳಲಿ. ಅವನು ನೋಡುವುದು ನಿಮ್ಮ ಮನೆಯ ಅಪ್‌ಲೋಡ್ ವೇಗದಲ್ಲಿ. ಹೊರಗಿನವರಿಗೆ 3-4 ಎಂಬಿಪಿಎಸ್ ಮಿತಿ ಇಡಿ.

ಮನೆಯೊಳಗಿನ ವೈಫೈಗೆ ಮುರಕಲ್ಲಿನ (ಕೆಂಪು ಕಲ್ಲಿನ) ಗೋಡೆ ದೊಡ್ಡ ಶತ್ರು. 5 ಗಿಗಾಹರ್ಟ್ಸ್ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತು. ಕೇಬಲ್ ಎಳೆಯಿರಿ. ಟಿವಿಯ ಲ್ಯಾನ್ ಪೋರ್ಟ್ ಹೆಚ್ಚಾಗಿ 100 ಎಂಬಿಪಿಎಸ್ ಮಾತ್ರ, ಆದರೆ ಡಿವಿಗೆ ಬೇಕಾದದ್ದು 30ರ ಒಳಗೆ, ಹಾಗಾಗಿ ಚಿಂತೆಯಿಲ್ಲ. ಮನೆಯಿಂದ ಅಡಿಕೆ ಕೊಟ್ಟಿಗೆಗೋ ಪಕ್ಕದ ಕಟ್ಟಡಕ್ಕೋ ತಾಮ್ರದ ಕೇಬಲ್ ಮಾತ್ರ ಬೇಡ. ಏಪ್ರಿಲ್-ಮೇ, ಅಕ್ಟೋಬರ್-ನವೆಂಬರಿನ ಸಿಡಿಲಿಗೆ ಎರಡೂ ಕಡೆಯ ಪೆಟ್ಟಿಗೆ ಒಟ್ಟಿಗೆ ಹೋಗುತ್ತದೆ. ಅಲ್ಲಿಗೆ ಫೈಬರ್ ಎಳೆದು ಎರಡು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿ. ಸಂಜೆ ಗುಡುಗು ಕೇಳಿದರೆ ಬ್ಯಾಕಪ್ ಡಿಸ್ಕನ್ನು ಪ್ಲಗ್ಗಿನಿಂದ ತೆಗೆದಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಬ್ಯಾಕಪ್ ಇಲ್ಲ ಅಂತಾದರೆ ಬಾಕ್ಸಿನ ದುಡ್ಡಿನಲ್ಲಿ ಮೊದಲು ಇನ್ನೊಂದು ಡಿಸ್ಕ್ ತಗೊಳ್ಳಿ. ಇರುವುದನ್ನೆಲ್ಲ ಹಾಗೇ ಕಾಪಿ ಮಾಡಿ ತಂಗಿಯ ಮನೆಯಲ್ಲೋ ಮತ್ತೆಲ್ಲೋ ಇಡಿ. ಟಿವಿ ಇನ್ನೊಂದು ತಿಂಗಳು ಕಾಯಲಿ.

ಓಡದ ಫೈಲುಗಳಲ್ಲಿ ಎರಡು-ಮೂರರ ಮೀಡಿಯಾಇನ್ಫೋ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ, ಟಿವಿಯ ಮಾಡೆಲ್ ನಂಬ್ರವೂ ಇರಲಿ. ಯಾವುದು ನೇರ ಓಡುತ್ತದೆ, ಯಾವುದಕ್ಕೆ ಸರ್ವರ್ ಬೇಕು ಅಂತ ನೋಡಿ ಹೇಳುತ್ತೇನೆ.