ಐಸಿಯುನಲ್ಲಿ ಅಪ್ಪನನ್ನು ಬೋರಲು ಮಲಗಿಸಿದ್ದು ಯಾಕೆ?

ಪ್ರಶ್ನೆ: ಡಾಕ್ಟರೇ, ನಮ್ಮದು ಮುಧೋಳದ ಹತ್ತಿರ ಹಳ್ಳಿ. ಅಪ್ಪನಿಗೆ 54 ವರ್ಷ. ನ್ಯುಮೋನಿಯಾ ಜೋರಾಗಿ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದ್ದರು. ಒಂದು ದಿನ ಒಳಗೆ ಹೋದರೆ ಬೋರಲು ಮಲಗಿಸಿದ್ದರು, ಮುಖ ಬಾತು ಗುರುತೇ ಸಿಗಲಿಲ್ಲ. "ಇನ್ನ ಆಸೆ ಇಲ್ಲಂತ ಹಿಂಗ ಡಬ್ಬ ಹಾಕ್ಯಾರ" ಅಂದರು ಕಾಕಾ. ಅವ್ವ ಅಲ್ಲೇ ಕುಸಿದಳು. ಕೇಳಿದರೆ ಯಾರೂ ಬಿಡಿಸಿ ಹೇಳಲಿಲ್ಲ. ಅಪ್ಪ ಈಗ ಮನೆಗೆ ಬಂದಿದ್ದಾರೆ, ಆದರೆ ಗದ್ದದ ಮೇಲೆ, ಎದೆ ಮೇಲೆ ಗಾಯ ಇದೆ. ಅವ್ವನ ಸಿಟ್ಟು ಇಳಿದಿಲ್ಲ.

ಉತ್ತರ: ತಂಗೀ, ಅಪ್ಪ ಮನೆಗೆ ಬಂದರಲ್ಲ, ಓದಿ ನನಗೂ ನಿರಾಳವಾಯಿತು. ಆದರೆ ಎರಡು ನಿಮಿಷ ನಿಂತು ನಿಮಗೆ ವಿಷಯ ಹೇಳಬೇಕಿತ್ತು. ಹೇಳದೇ ಇದ್ದದ್ದು ತಪ್ಪೇ.

ಶ್ವಾಸಕೋಶದ ಜಾಸ್ತಿ ಭಾಗ ಇರುವುದು ಬೆನ್ನ ಕಡೆಗೆ. ನ್ಯುಮೋನಿಯಾ ಕೈಮೀರಿ ಎರಡೂ ಕಡೆ ನೀರು ತುಂಬಿಕೊಂಡರೆ ಅದಕ್ಕೆ ಎಆರ್‌ಡಿಎಸ್ ಅನ್ನುತ್ತೇವೆ. ಆಗ ಶ್ವಾಸಕೋಶ ತೊಯ್ದ ಕೌದಿ ಇದ್ದ ಹಾಗೆ. ತೊಯ್ದ ಕೌದಿ ಮಡಚಿ ಕಲ್ಲಿನ ಮೇಲೆ ಇಟ್ಟರೆ ಮೇಲಿನ ಭಾರಕ್ಕೆ ಕೆಳಗಿನ ಮಡಿಕೆ ಅಪ್ಪಚ್ಚಿ ಆಗುತ್ತದೆ, ಅಲ್ವಾ? ಅಂಗಾತ ಮಲಗಿದ ರೋಗಿಯ ಬೆನ್ನ ಕಡೆಗೂ ಹಾಗೇ, ಅದರ ಮೇಲೆ ಹೃದಯದ ಭಾರ ಬೇರೆ, ಹೊಟ್ಟೆಯ ಒತ್ತಡ ಬೇರೆ. ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ರಕ್ತ ಮಾತ್ರ ಅಲ್ಲಿಗೇ ಹರಿದು, ಆಕ್ಸಿಜನ್ ಸಿಗದೆ ಬರಿಗೈಲಿ ವಾಪಸ್ ಬರುತ್ತದೆ. ಬೋರಲು ಮಾಡಿದಾಗ ಹೃದಯ ಎದೆಮೂಳೆಗೆ ಒರಗುತ್ತದೆ, ಬೆನ್ನ ಕಡೆಯ ಚೀಲಗಳು ಬಿಚ್ಚಿಕೊಳ್ಳುತ್ತವೆ. ರಕ್ತ ಆಗಲೂ ಹೆಚ್ಚಾಗಿ ಅಲ್ಲಿಗೇ ಹೋಗುತ್ತದೆ, ಈ ಸಲ ಗಾಳಿ ಸಿಗುತ್ತದೆ. ಉಸಿರು ಕಟ್ಟುವುದಿಲ್ಲ, ಗಂಟಲಲ್ಲಿ ನಳಿಕೆ ಇರುತ್ತದೆ.

ಕಾಕಾಗೆ ಇದನ್ನು ಹೇಳಿ. 2013ರಲ್ಲಿ ಫ್ರಾನ್ಸ್, ಸ್ಪೇನ್ ಐಸಿಯುಗಳ 466 ರೋಗಿಗಳ ಅಧ್ಯಯನ ಬಂತು, ಎಲ್ಲರಿಗೂ ತೀವ್ರ ಎಆರ್‌ಡಿಎಸ್. ಅಂಗಾತವೇ ಇದ್ದವರಲ್ಲಿ 28 ದಿನದೊಳಗೆ ನೂರಕ್ಕೆ ಸುಮಾರು 33 ಜನ ತೀರಿಕೊಂಡರು. ಒಂದೊಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 16 ಜನ. ಅಂದರೆ ಅರ್ಧಕ್ಕರ್ಧ. ಕೈಬಿಟ್ಟ ರೋಗಿಗೆ ಯಾರೂ ಇಷ್ಟು ಕಷ್ಟಪಡುವುದಿಲ್ಲ, ಯಾಕಂದರೆ ಒಬ್ಬರನ್ನು ಹೊರಳಿಸಲು ಐದಾರು ಜನ ಬೇಕು, ತಲೆ ಕಡೆ ನಿಂತವರು ನಳಿಕೆ ಬಿಟ್ಟು ಬೇರೇನೂ ನೋಡುವಂತಿಲ್ಲ, ಕಣ್ಣು ಮುಚ್ಚಿ ಟೇಪ್ ಹಾಕಬೇಕು, ಆಮೇಲೆ ಗಂಟೆಗಟ್ಟಲೆ ತಲೆ, ಕೈಗಳ ಭಂಗಿ ಆಗಾಗ ಬದಲಿಸುತ್ತಿರಬೇಕು. ಬೆನ್ನುಮೂಳೆ ಮುರಿದು ಅಲುಗಾಡುತ್ತಿದ್ದರೆ, ಈಚೆಗಷ್ಟೇ ಎದೆಮೂಳೆ ಸೀಳಿ ಆಪರೇಷನ್ ಆಗಿದ್ದರೆ ಸಾಮಾನ್ಯವಾಗಿ ಹೀಗೆ ಮಲಗಿಸುವುದಿಲ್ಲ.

ಮುಖದ ಬಾವು ಅಂಗಾತ ಮಾಡಿದ ಮೇಲೆ ಇಳಿಯುತ್ತದೆ. ಗಾಯ ಒತ್ತಡದಿಂದ ಆದದ್ದು, ಎಷ್ಟು ಕಾಳಜಿ ಮಾಡಿದರೂ ಕೆಲವರಿಗೆ ಆಗುತ್ತದೆ. ಒಣಗದೆ ಕೀವು ಬಂದರೆ ತೋರಿಸಿ. ಇನ್ನೊಂದು, ಅಪ್ಪನಿಗೆ ಲೋಟ ಎತ್ತಲು, ಅಂಗಿ ಗುಂಡಿ ಹಾಕಲು ಒಂದೇ ಕೈ ಸೋಲುತ್ತಿದೆಯಾ ನೋಡಿ. ಭುಜದ ನರಕ್ಕೆ ಒತ್ತಡ ಬಿದ್ದಿರಬಹುದು, ತಡ ಮಾಡದೆ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಅಜ್ಜಿಗೆ ದಮ್ಮು ಇದೆ. ರಾತ್ರಿ ಎಳೆತ ಬಂದಾಗ ಬೋರಲು ಮಲಗಿಸಬಹುದೇ? (ಇಂಡಿ, ವಿಜಯಪುರ ಜಿಲ್ಲೆ)

ಉತ್ತರ: ಬೇಡ, ದಯವಿಟ್ಟು ಮಲಗಿಸಬೇಡಿ. ದಮ್ಮಿನಲ್ಲಿ ಕಿರಿದಾಗುವುದು ಗಾಳಿ ಹೋಗುವ ದಾರಿ, ಅದು ಬೇರೆ ಕಾಯಿಲೆ. ಅಜ್ಜಿಯನ್ನು ಕೂರಿಸಿ, ಮುಂದೆ ದಿಂಬು ಇಟ್ಟು ಅದರ ಮೇಲೆ ಕೈ ಊರಿ ಸ್ವಲ್ಪ ಬಾಗಲಿ. ಡಾಕ್ಟರ್ ಬರೆದ ಇನ್ಹೇಲರ್ ಕೊಡಿ. ಅದಾದ ಮೇಲೂ ಒಂದು ಮಾತು ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.