ಶೇಂಗಾದ ತಪ್ಪಿಲ್ಲ, ಮೇಷ್ಟ್ರೇ

ಓದುಗರ ಪತ್ರ: "ನನಗೆ 68 ವರ್ಷ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ಎರಡು ವರ್ಷದಿಂದ ಮೊಣಕಾಲು ನೋವು. 'ಅರಾಕಿಡೋನಿಕ್ ಆಮ್ಲ' ಎಂಬುದರಿಂದಲೇ ಮೈಯಲ್ಲಿ ಉರಿಯೂತ, ನೋವು ಎಲ್ಲ ಹುಟ್ಟುತ್ತದಂತೆ, ಆ ಹೆಸರು ಬಂದಿರುವುದೇ ಶೇಂಗಾದಿಂದಂತೆ. ಮೊಬೈಲಿಗೆ ಬಂದ ಸಂದೇಶದಲ್ಲಿ ಓದಿದೆ. ನಮ್ಮದು ಮೂರು ತಲೆಮಾರಿನಿಂದ ಶೇಂಗಾ ಎಣ್ಣೆಯ ಅಡುಗೆ. ಎಣ್ಣೆ ಬದಲಾಯಿಸಬೇಕೇ? ಸದ್ಯಕ್ಕೆ ದಿನಾ ಬೆಳಿಗ್ಗೆ ಎದ್ದ ತಕ್ಷಣ ಅಂಗಡಿಯಿಂದ ತಂದ ಒಂದು ಐಬುಪ್ರೊಫೆನ್ ನುಂಗಿ ಕಾಲ ದೂಡುತ್ತಿದ್ದೇನೆ. ತಿಂಡಿಯಾದ ಮೇಲೆ ಬಿಪಿ ಮಾತ್ರೆ, ಐದು ವರ್ಷದ ಹಿಂದೆ ಸ್ಟೆಂಟ್ ಹಾಕಿದಾಗಿನಿಂದ ಇರುವ 75 ಮಿಲಿಗ್ರಾಂ ಆಸ್ಪಿರಿನ್ ಇದ್ದೇ ಇದೆ."
ಒಬ್ಬ ಓದುಗರು, ಚಳ್ಳಕೆರೆ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣಿಗೆ ಬಿದ್ದದ್ದು ಶೇಂಗಾ. ಎರಡನೇ ಸಲ, ಕೊನೆಯ ಎರಡು ಸಾಲು. ಎಣ್ಣೆಯ ವಿಷಯ ಆರಾಮಾಗಿ ಮಾತಾಡೋಣ. ಆದರೆ ಆ ಬೆಳಗಿನ ಐಬುಪ್ರೊಫೆನ್ ವಿಷಯವನ್ನು ಈ ವಾರವೇ ನಿಮ್ಮ ಹೃದಯದ ಡಾಕ್ಟರಿಗೆ ಹೇಳಿ. ಆಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಯಾಕೆ ಅಂತ ಹೇಳುತ್ತೇನೆ, ಅದಕ್ಕೆ ಸ್ವಲ್ಪ ಸುತ್ತಿ ಬರಬೇಕು.

ಮೊದಲು ಶೇಂಗಾದ ಮೇಲಿನ ಆರೋಪ. ಚಳ್ಳಕೆರೆಯವರಿಗೆ ಶೇಂಗಾ ಬಿಡಿ ಅನ್ನುವ ಧೈರ್ಯ ನನಗಂತೂ ಇಲ್ಲ. ಪುಣ್ಯಕ್ಕೆ ಅದರ ಅಗತ್ಯವೂ ಇಲ್ಲ. ಶೇಂಗಾ ಗಿಡದ ಶಾಸ್ತ್ರೀಯ ಹೆಸರು ಅರಾಕಿಸ್ ಹೈಪೊಜಿಯಾ. ಅದರ ಎಣ್ಣೆಯಲ್ಲಿರುವ, 20 ಇಂಗಾಲದ ಸರಪಳಿಯ ಒಂದು ಕೊಬ್ಬಿನ ಆಮ್ಲಕ್ಕೆ ಅರಾಕಿಡಿಕ್ ಆಮ್ಲ ಅಂತ ಹೆಸರಿಟ್ಟರು. ಪ್ರಾಣಿಗಳ ಮೈಯಲ್ಲಿ ಅಷ್ಟೇ ಉದ್ದದ ಇನ್ನೊಂದು ಆಮ್ಲ ಇದೆ. ಅದರ ಸರಪಳಿಯಲ್ಲಿ ನಾಲ್ಕು ಕಡೆ ಜೋಡಿ ಬಂಧ. ಆ ನಾಲ್ಕೂ ಕಡೆ ಹೈಡ್ರೋಜನ್ ತುಂಬಿದರೆ ಅದು ಅರಾಕಿಡಿಕ್ ಆಗಿಬಿಡುತ್ತದೆ. ಈ ನೆಂಟಸ್ತಿಕೆಯಿಂದ ಅದಕ್ಕೆ ಅರಾಕಿಡೋನಿಕ್ ಅಂತ ಹೆಸರು ಬಂತು. ಶೇಂಗಾದಲ್ಲಿ ಅರಾಕಿಡೋನಿಕ್ ಆಮ್ಲ ಇಲ್ಲ. ಅದು ಇರುವುದು ಮೊಟ್ಟೆ, ಮಾಂಸ, ಮೀನಿನಲ್ಲಿ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಆ ಕಥೆ.

ಹಾಗಂತ ಸಂದೇಶ ಕಳಿಸಿದವರು ಪೂರ್ತಿ ಸುಳ್ಳು ಹೇಳಿಲ್ಲ. ಶೇಂಗಾ ಎಣ್ಣೆಯಲ್ಲಿ ಲಿನೋಲೆಯಿಕ್ ಎಂಬ 18 ಇಂಗಾಲದ ಆಮ್ಲ ಸಾಕಷ್ಟಿದೆ. ನಮ್ಮ ಲಿವರ್ ಅದಕ್ಕೆ ಎರಡು ಇಂಗಾಲ, ಎರಡು ಜೋಡಿ ಬಂಧ ಸೇರಿಸಿ ಅರಾಕಿಡೋನಿಕ್ ಮಾಡಿಕೊಳ್ಳಬಲ್ಲದು. ಆದರೆ ತನಗೆ ಬೇಕಾದಷ್ಟನ್ನೇ ಮಾಡಿಕೊಳ್ಳುತ್ತದೆ. ಎಣ್ಣೆ ಜಾಸ್ತಿ ತಿಂದರೆ ಸೊಂಟ ಏರುತ್ತದೆಯೇ ಹೊರತು ರಕ್ತದಲ್ಲಿ ಅರಾಕಿಡೋನಿಕ್ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಇನ್ನು ಲಿನೋಲೆಯಿಕ್ ಪೂರ್ತಿ ಬಿಡೋಣ ಅಂದರೆ ಅದೂ ಆಗದು. 1929ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ಎಂಬ ಗಂಡ ಹೆಂಡತಿ ಇಲಿಗಳಿಗೆ ಕೊಬ್ಬೇ ಇಲ್ಲದ ಊಟ ಹಾಕಿ ನೋಡಿದರು. ಇಲಿಗಳ ಚರ್ಮ ಹೊಪ್ಪಳೆ ಎದ್ದಿತು, ಬೆಳವಣಿಗೆ ನಿಂತಿತು. ಕೆಲವು ಕೊಬ್ಬಿನ ಆಮ್ಲಗಳು ಊಟದಲ್ಲಿ ಬರಲೇಬೇಕು ಅಂತ ಗೊತ್ತಾಗಿದ್ದು ಹಾಗೆ.

ಈಗ ನಿಮ್ಮ ಮೊಣಕಾಲಿಗೆ ಬರೋಣ. ಅರಾಕಿಡೋನಿಕ್ ಆಮ್ಲ ಜೀವಕೋಶದ ಹೊರಪೊರೆಯಲ್ಲೇ ಸಿಕ್ಕಿಕೊಂಡು ತಣ್ಣಗೆ ಕೂತಿರುತ್ತದೆ. ಸವೆದ ಕೀಲಿನಲ್ಲಿ ಕಿರಿಕಿರಿಯಾದಾಗ ಒಂದು ಕಿಣ್ವ ಅದನ್ನು ಪೊರೆಯಿಂದ ಕತ್ತರಿಸಿ ಬಿಡಿಸುತ್ತದೆ. ಇನ್ನೊಂದು ಕಿಣ್ವ, ಹೆಸರು ಸೈಕ್ಲೋಆಕ್ಸಿಜನೇಸ್, ಚಿಕ್ಕದಾಗಿ ಕಾಕ್ಸ್, ಅದಕ್ಕೆ ಆಮ್ಲಜನಕ ಸೇರಿಸಿ ಬಗ್ಗಿಸುತ್ತದೆ. ಆಗ ಹುಟ್ಟುವ ಬಳಗಕ್ಕೆ ಪ್ರೊಸ್ಟಗ್ಲಾಂಡಿನ್ ಅಂತ ಹೆಸರು.

ಈ ಹೆಸರೂ ತಪ್ಪು ವಿಳಾಸದ್ದೇ! 1935ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ವೀರ್ಯದಲ್ಲಿ ಇದನ್ನು ಗುರುತಿಸಿದಾಗ, ಬರುತ್ತಿರುವುದು ಪ್ರಾಸ್ಟೇಟ್ ಗ್ರಂಥಿಯಿಂದ ಅಂದುಕೊಂಡು ಹೆಸರಿಟ್ಟರು. ಅಲ್ಲಿ ಅದು ಹೆಚ್ಚಾಗಿ ಬರುವುದು ಪಕ್ಕದ ಬೇರೆ ಗ್ರಂಥಿಯಿಂದ ಅಂತ ಆಮೇಲೆ ಗೊತ್ತಾಯಿತು. ಇನ್ನೂ ಆಮೇಲೆ, ಗಂಡು ಹೆಣ್ಣೆನ್ನದೆ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ಇದನ್ನು ಮಾಡುತ್ತವೆ ಅಂತ ಗೊತ್ತಾಯಿತು. ಅಷ್ಟು ಹೊತ್ತಿಗೆ ಹೆಸರು ಕಚ್ಚಿಕೊಂಡಿತ್ತು. ಇದನ್ನು ಹಿಡಿಯುವುದೂ ಸುಲಭ ಇರಲಿಲ್ಲ. ಸುನೆ ಬೆರ್ಗ್‌ಸ್ಟ್ರೋಮ್ ಎಂಬ ಸ್ವೀಡನ್ನಿನ ವಿಜ್ಞಾನಿ ಟಗರಿನ ಗ್ರಂಥಿಗಳನ್ನು ರಾಶಿರಾಶಿ ತರಿಸಿ, ಅರೆದು, ಸೋಸಿ, 1950ರ ದಶಕದ ಕೊನೆಯಲ್ಲಿ ಚೂರೇ ಚೂರು ಹರಳು ತೆಗೆದರು. ಅದು ಅರಾಕಿಡೋನಿಕ್ ಆಮ್ಲದಿಂದ ಆಗುತ್ತದೆ ಅನ್ನುವುದು 1964ರಲ್ಲಿ ಸ್ವೀಡನ್ ಮತ್ತು ನೆದರ್ಲೆಂಡ್ಸ್ ಎರಡೂ ಕಡೆ ಗೊತ್ತಾಯಿತು.

ನಮಗೆ ಗೊತ್ತಿರುವ ಹಾರ್ಮೋನುಗಳು ಅಂಚೆ ಇದ್ದ ಹಾಗೆ. ಥೈರಾಯ್ಡಿನಲ್ಲಿ ಹೊರಟಿದ್ದು ರಕ್ತ ಹಿಡಿದು ಊರೆಲ್ಲ ಸುತ್ತಿ ಕಾಲಿನ ಬೆರಳಿಗೂ ತಲುಪುತ್ತದೆ. ಪ್ರೊಸ್ಟಗ್ಲಾಂಡಿನ್ ಹಾಗಲ್ಲ. ಇದು ಕಾಂಪೌಂಡ್ ಗೋಡೆಯ ಮೇಲಿಂದ ಪಕ್ಕದ ಮನೆಯವರನ್ನು ಕೂಗಿದ ಹಾಗೆ. ಕೂಡಿಟ್ಟುಕೊಳ್ಳುವುದಿಲ್ಲ. ಬೇಕಾದಾಗ ಮಾಡುವುದು, ಕೂಗುವುದು, ಮುಗಿಯಿತು. ರಕ್ತಕ್ಕೆ ಜಾರಿದ್ದರಲ್ಲಿ ಹೆಚ್ಚಿನದು ಶ್ವಾಸಕೋಶವನ್ನು ಒಂದು ಸಲ ದಾಟುವಷ್ಟರಲ್ಲಿ ನಾಶವಾಗುತ್ತದೆ.

ಹೀಗೆ ಆಯಾ ಓಣಿಯ ಮಾತು ಆಯಾ ಓಣಿಗೆ ಆಗಿರುವುದರಿಂದಲೇ, ಒಂದೇ ಕೂಗಿಗೆ ಒಂದೊಂದು ಕಡೆ ಒಂದೊಂದು ಅರ್ಥ. ಪಿಜಿಇ2 ಅನ್ನುವ ಪ್ರೊಸ್ಟಗ್ಲಾಂಡಿನ್ ಮೊಣಕಾಲಿನಲ್ಲಿ ರಕ್ತನಾಳ ಹಿಗ್ಗಿಸಿ ಊತ ತರುತ್ತದೆ. ನೋವನ್ನು ಅದು ತಾನೇ ಹುಟ್ಟಿಸುವುದಕ್ಕಿಂತ ನರದ ಕಿವಿಯನ್ನು ಚುರುಕು ಮಾಡುವುದು ಜಾಸ್ತಿ. ಅದಕ್ಕೇ ಮೊದಲು ಲೆಕ್ಕಕ್ಕೇ ಬಾರದಿದ್ದ ಎರಡು ಮೆಟ್ಟಿಲು ಈಗ ಬೆಟ್ಟವಾಗಿರುವುದು. ಅದೇ ಪಿಜಿಇ2 ಮೆದುಳಿನಲ್ಲಿ ಮೈ ಬಿಸಿಯ ಗೆರೆಯನ್ನು ಮೇಲಕ್ಕೆತ್ತಿ ಜ್ವರ ಬರಿಸುತ್ತದೆ. ಅದೇ ಪಿಜಿಇ2 ಜಠರದಲ್ಲಿ ಲೋಳೆಯ ಪದರ ಕಟ್ಟಿಸಿ ಗೋಡೆ ಆಮ್ಲದಲ್ಲಿ ಸುಡದಂತೆ ಕಾಯುತ್ತದೆ. ಕಿಡ್ನಿಗೆ ರಕ್ತ ಕಡಿಮೆಯಾದಾಗ ನಾಳ ಮುಚ್ಚಿಕೊಳ್ಳದಂತೆ ತಡೆಯುವುದರಲ್ಲೂ ಇದರ ಕೈಯಿದೆ. ಹೆರಿಗೆ ತಡವಾದಾಗ ಆಸ್ಪತ್ರೆಯಲ್ಲಿ ಒಳಗೆ ಇಡುವ ಜೆಲ್ ಇದೆಯಲ್ಲ, ಅದೂ ಇದೇ ಪಿಜಿಇ2.

ತಾಯಿಯ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಪಕ್ಕ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಕಿರು ದಾರಿ ಇರುತ್ತದೆ. ಅದನ್ನು ತೆರೆದಿಡುವುದೂ ಪ್ರೊಸ್ಟಗ್ಲಾಂಡಿನ್. ಹುಟ್ಟಿದ ಮೇಲೆ ಅದು ಕಡಿಮೆಯಾಗಿ ದಾರಿ ಮುಚ್ಚುತ್ತದೆ. ಕೆಲವು ಹೃದಯ ದೋಷಗಳಲ್ಲಿ ಆಪರೇಷನ್ ಆಗುವ ತನಕ ಆ ದಾರಿ ತೆರೆದಿದ್ದರೇನೇ ಮಗು ಉಳಿಯುವುದು. ಆಗ ಡಾಕ್ಟರುಗಳು ಪಿಜಿಇ1 ಅನ್ನು ಡ್ರಿಪ್ಪಿನಲ್ಲಿ ಹರಿಸುತ್ತಾರೆ. ತುಂಬಿದ ಬಸುರಿಯರು ನೋವಿನ ಮಾತ್ರೆ ಕಂಡಹಾಗೆ ನುಂಗಬಾರದು ಅನ್ನುವುದಕ್ಕೂ ಈ ದಾರಿ ಒಂದು ಕಾರಣ. ಹೊಟ್ಟೆಯಲ್ಲಿರುವಾಗಲೇ ಅದು ಮುಚ್ಚಿಕೊಂಡೀತು.

ಸುಮ್ನೆ ಒಂದು ಮನೆ ಮಾತು. ನಮ್ಮ ಅತ್ತಿಗೆಗೆ ಒಂದು ಕಣ್ಣಿನಲ್ಲಿ ಗ್ಲಾಕೋಮಾ. ಲ್ಯಾಟಾನೊಪ್ರೋಸ್ಟ್ ಎಂಬ ಹನಿ ಹಾಕುತ್ತಿದ್ದರು. ಕೆಲವು ತಿಂಗಳಾದ ಮೇಲೆ ಆ ಒಂದು ಕಣ್ಣಿನ ರೆಪ್ಪೆಗೂದಲು ಮಾತ್ರ ಉದ್ದ, ದಟ್ಟ! ಹನಿ ಪ್ರೊಸ್ಟಗ್ಲಾಂಡಿನ್ ಜಾತಿಯದು, ಕೂದಲ ಬುಡಕ್ಕೂ ಅದರ ಕೂಗು ಕೇಳಿಸಿದೆ. ಮದುವೆ ಮನೆಯಲ್ಲಿ ಎಲ್ಲರೂ ಯಾವ ಕಾಡಿಗೆ ಅಂತ ಕೇಳಿದರಂತೆ.

ಈಗ ನಿಮ್ಮ ಮಾತ್ರೆಗಳು. ಆಸ್ಪಿರಿನ್ ಅಂಗಡಿಗೆ ಬಂದದ್ದು 1899ರಲ್ಲಿ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗಿದ್ದು 1971ರಲ್ಲಿ, ಲಂಡನ್ನಿನ ಜಾನ್ ವೇನ್ ಅವರಿಂದ. ಅಲ್ಲಿಯ ತನಕ ಜಗತ್ತು ಸುಮ್ಮನೆ ನುಂಗುತ್ತಿತ್ತು. ಅದು ಪ್ರೊಸ್ಟಗ್ಲಾಂಡಿನ್ ಹುಟ್ಟುವುದನ್ನೇ ನಿಲ್ಲಿಸುತ್ತದೆ ಅಂತ ವೇನ್ ತೋರಿಸಿದರು. 1982ರ ನೊಬೆಲ್ ಅವರಿಗೆ, ಬೆರ್ಗ್‌ಸ್ಟ್ರೋಮ್ ಮತ್ತು ಬೆಂಗ್ಟ್ ಸಾಮ್ಯುಯೆಲ್ಸನ್ ಅವರಿಗೆ ಸೇರಿಸಿ ಬಂತು.

ಕಾಕ್ಸ್ ಕಿಣ್ವದೊಳಗೆ ಒಂದು ಇಕ್ಕಟ್ಟಾದ ಸಂದಿ ಇದೆ. ಅರಾಕಿಡೋನಿಕ್ ಆ ಸಂದಿಯಲ್ಲಿ ತೂರಿ ಒಳಗೆ ಹೋಗಬೇಕು. ಆಸ್ಪಿರಿನ್ ಅಲ್ಲಿಗೆ ಹೋಗಿ ತನ್ನದೇ ಒಂದು ತುಂಡು ಮುರಿದು ಗೋಡೆಗೆ ಅಂಟಿಸಿಬಿಡುತ್ತದೆ. ಆ ಕಿಣ್ವದ ಕಥೆ ಅಲ್ಲಿಗೆ ಮುಗಿಯಿತು. ಬೇರೆ ಜೀವಕೋಶಗಳು ಹೊಸ ಕಿಣ್ವ ಮಾಡಿಕೊಳ್ಳುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪುಟ್ಟ ಕಣವಾದ ಪ್ಲೇಟ್‌ಲೆಟ್‌ಗೆ ಆ ಭಾಗ್ಯ ಇಲ್ಲ. ಅದಕ್ಕೆ ಕೋಶಕೇಂದ್ರವೇ ಇಲ್ಲ. 8ರಿಂದ 10 ದಿನದ ಅದರ ಆಯುಷ್ಯ ಪೂರ್ತಿ ಹಾಗೇ ಕಳೆಯಬೇಕು. ಈ ಪ್ಲೇಟ್‌ಲೆಟ್‌ಗಳು ಅರಾಕಿಡೋನಿಕ್‌ನಿಂದ ಮಾಡುವುದು ಥ್ರಾಂಬಾಕ್ಸೇನ್. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಇಲ್ಲವಾಗಲು ಹಿಡಿಯುವ ಹೊತ್ತು, ಸುಮಾರು 30 ಸೆಕೆಂಡು ಅಷ್ಟೇ. ಆದರೆ ಅಷ್ಟರಲ್ಲೇ ಉಳಿದ ಪ್ಲೇಟ್‌ಲೆಟ್‌ಗಳನ್ನು ಕೂಗಿ ಗುಂಪು ಕಟ್ಟಿಸುತ್ತದೆ. ಗಾಯಕ್ಕೆ ಅದು ಒಳ್ಳೆಯದು, ಸ್ಟೆಂಟ್ ಇರುವ ನಾಳಕ್ಕೆ ಅಪಾಯ. ದಿನಕ್ಕೆ 75 ಮಿಲಿಗ್ರಾಂನಷ್ಟು ಸಣ್ಣ ಮಾತ್ರೆ ನಿಮ್ಮ ಹೃದಯ ಕಾಯುತ್ತಿರುವುದು ಈ ಒಂದು ಉಪಾಯದಿಂದ.

ಐಬುಪ್ರೊಫೆನ್ ಕೂತುಕೊಳ್ಳುವುದೂ ಅದೇ ಸಂದಿಯಲ್ಲಿ. ಆದರೆ ಅಂಟಿಕೊಳ್ಳುವುದಿಲ್ಲ, ಕೆಲವು ಗಂಟೆ ಇದ್ದು ಎದ್ದು ಹೋಗುತ್ತದೆ. ಹಬ್ಬದ ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ. ನೀವು ಬೆಳಿಗ್ಗೆ ಎದ್ದ ತಕ್ಷಣ ಐಬುಪ್ರೊಫೆನ್ ಟವೆಲ್ ಹಾಕಿಸಿದ್ದೀರಿ. ತಿಂಡಿಯಾದ ಮೇಲೆ ಆಸ್ಪಿರಿನ್ ಬಂದು ನೋಡಿದರೆ ಸೀಟಿಲ್ಲ. ಕಾಯೋಣ ಅಂದರೆ ರಕ್ತದಲ್ಲಿ ಅದರ ಅರ್ಧಾಯುಷ್ಯ 15ರಿಂದ 20 ನಿಮಿಷ. ಐಬುಪ್ರೊಫೆನ್ ಎದ್ದು ಹೋಗುವ ಹೊತ್ತಿಗೆ ಆಸ್ಪಿರಿನ್ ಇರುವುದೇ ಇಲ್ಲ. ಸಂಜೆ ಹೊತ್ತಿಗೆ ಪ್ಲೇಟ್‌ಲೆಟ್‌ಗಳು ಮತ್ತೆ ಥ್ರಾಂಬಾಕ್ಸೇನ್ ಮಾಡುವ ಸ್ಥಿತಿಗೆ ಬರುತ್ತವೆ. ಎರಡೂ ಮಾತ್ರೆ ನುಂಗಿಯೂ ಹೃದಯದ ರಕ್ಷಣೆ ತಪ್ಪಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ.

ಹಾಗಾದರೆ ಆಸ್ಪಿರಿನ್ ಮೊದಲು, ಐಬುಪ್ರೊಫೆನ್ ಆಮೇಲೆ ಅಂತ ಹೊತ್ತು ಬದಲಿಸಿಕೊಂಡರಾಯಿತು ಅಂತ ನೀವು ಅಂದುಕೊಳ್ಳಬಹುದು. ಮೇಷ್ಟ್ರುಗಳು ಹಾಗೆ ಲೆಕ್ಕ ಹಾಕುವವರೇ. ಬೇಡಿ. ಬೇಗ ಕರಗುವ ಆಸ್ಪಿರಿನ್‌ಗೆ ಆ ಲೆಕ್ಕ ಒಂದಿಷ್ಟು ಹೊಂದೀತು. ಆದರೆ ಹೃದಯಕ್ಕೆ ಅಂತ ನಮ್ಮಲ್ಲಿ ಕೊಡುವುದರಲ್ಲಿ ಬಹಳಷ್ಟು ಕರುಳಿಗೆ ಹೋಗಿ ನಿಧಾನವಾಗಿ ಕರಗುವ ಲೇಪನದ ಮಾತ್ರೆ. ಅದು ಯಾವಾಗ ರಕ್ತ ಸೇರುತ್ತದೆ ಅನ್ನುವ ಹೊತ್ತು ನಿಖರ ಇಲ್ಲ. ಮೇಲಾಗಿ ಜಠರದ ಲೋಳೆಗೆ, ಕಿಡ್ನಿಗೆ ಬೇಕಾದ ಪ್ರೊಸ್ಟಗ್ಲಾಂಡಿನ್ನನ್ನೂ ಐಬುಪ್ರೊಫೆನ್ ನಿಲ್ಲಿಸುತ್ತದೆ. ಉಪ್ಪು ನೀರು ಮೈಯಲ್ಲಿ ನಿಲ್ಲುತ್ತದೆ, ಬಿಪಿ ಏರುತ್ತದೆ, ಬಿಪಿ ಮಾತ್ರೆಯ ಕೆಲಸ ಕೆಡುತ್ತದೆ.

ಹೊಟ್ಟೆ ಸುಡದ ನೋವಿನ ಮಾತ್ರೆ ಬೇಕು ಅಂತ ವಿಜ್ಞಾನಿಗಳೂ ಹೊರಟಿದ್ದರು. ಕಾಕ್ಸ್‌ನಲ್ಲಿ ಎರಡು ಬಗೆ. ಜಠರವನ್ನು, ಪ್ಲೇಟ್‌ಲೆಟ್ಟನ್ನು ನೋಡಿಕೊಳ್ಳುವುದು ಒಂದನೆಯದು. ಉರಿಯೂತದಲ್ಲಿ ಎದ್ದೇಳುವುದು ಎರಡನೆಯದು. ಎರಡನೆಯದನ್ನು ಮಾತ್ರ ತಡೆದರೆ ಆಯಿತಲ್ವಾ? ಹಾಗೆ 1999ರಲ್ಲಿ ಬಂದ ರೋಫೆಕಾಕ್ಸಿಬ್ ಮಾತ್ರೆಯನ್ನು 2004ರ ಸೆಪ್ಟೆಂಬರಿನಲ್ಲಿ ಹಿಂದೆಗೆದುಕೊಳ್ಳಬೇಕಾಯಿತು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿಯಾದವು. ರಕ್ತನಾಳದ ಒಳಗೋಡೆ ಪ್ರೊಸ್ಟಸೈಕ್ಲಿನ್ ಅನ್ನುವುದನ್ನು ಮಾಡಿ ಪ್ಲೇಟ್‌ಲೆಟ್‌ಗಳಿಗೆ 'ಇಲ್ಲಿ ಗುಂಪು ಸೇರಬೇಡಿ' ಅಂತ ಹೇಳುತ್ತಿರುತ್ತದೆ. ಆ ಮಾತ್ರೆ ಈ ಬಾಯಿ ಮುಚ್ಚಿಸಿತು, ಥ್ರಾಂಬಾಕ್ಸೇನ್ ಬಾಯಿ ಹಾಗೇ ಬಿಟ್ಟಿತು.

ಅರಾಕಿಡೋನಿಕ್ ಹಿಡಿಯುವ ಇನ್ನೊಂದು ದಾರಿಯೂ ಇದೆ, ಅಲ್ಲಿ ಅದರಿಂದ ಹುಟ್ಟುವುದು ಲ್ಯೂಕೋಟ್ರೈನ್ ಎಂಬ ಬೇರೆ ಬಳಗ. ಅದು ಆಸ್ತಮಾದವರ ಕಥೆ. ಅವರು ರಾತ್ರಿ ನುಂಗುವ ಮಾಂಟೆಲುಕಾಸ್ಟ್ ತಡೆಯುವುದು ಅದನ್ನೇ. ಅದಕ್ಕೆ ಇನ್ನೊಂದು ಸಂಚಿಕೆ ಬೇಕು.

ಮೀನಿನ ಬಗ್ಗೆ ನೀವು ಕೇಳಿಲ್ಲ, ಕೇಳಿಯೇ ಕೇಳುತ್ತೀರಿ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿನಲ್ಲಿ 20 ಇಂಗಾಲದ್ದೇ ಆದ, ಐದು ಜೋಡಿ ಬಂಧದ ಇಪಿಎ ಎಂಬ ಆಮ್ಲ ಇದೆ. ಅದೂ ಕಾಕ್ಸ್ ಸಂದಿಗೆ ಹೋಗುತ್ತದೆ, ಆದರೆ ಅದರಿಂದ ಆಗುವ ಥ್ರಾಂಬಾಕ್ಸೇನ್‌ಗೆ ದನಿ ಕಡಿಮೆ. 1970ರ ದಶಕದಲ್ಲಿ ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್‌ಬರ್ಗ್ ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರ ರಕ್ತ ಪರೀಕ್ಷಿಸಿದ ಮೇಲೆ ಇದು ಹೆಸರುವಾಸಿಯಾಯಿತು. ಮೀನು ತಿನ್ನದವರಿಗೆ ಅಗಸೆ ಇದೆಯಲ್ಲ ಅನ್ನುತ್ತಾರೆ. ಅಗಸೆಯಲ್ಲಿರುವುದು 18 ಇಂಗಾಲದ ಬೇರೆ ಆಮ್ಲ. ನಮ್ಮ ಮೈ ಅದರಲ್ಲಿ ಸ್ವಲ್ಪವನ್ನು ಮಾತ್ರ ಇಪಿಎ ಮಾಡುತ್ತದೆ. ಅಗಸೆ ಚಟ್ನಿ ಪುಡಿ ರೊಟ್ಟಿಗೆ ಚೆನ್ನಾಗಿರುತ್ತದೆ, ಅದಕ್ಕಾಗಿ ತಿನ್ನಿ. ಮೊಣಕಾಲಿಗೆ ಔಷಧ ಅಂತ ಅಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ ಹಾಳೆಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ. ಅಂಗಡಿಯಿಂದ ನೀವೇ ತಂದದ್ದೂ ಅದರಲ್ಲಿರಲಿ, ಹೆಚ್ಚಿನವರು ಅದನ್ನೇ ಮರೆಯುವುದು. ಪ್ಯಾರಾಸಿಟಮಾಲ್ ಸಾಕೇ ಅಂತ ಕೇಳಿ. ಮೇಲೆ ಹಚ್ಚುವ ನೋವಿನ ಜೆಲ್ ಆಗಬಹುದೇ ಕೇಳಿ, ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನೂ ಕೇಳಿ. ಅದಕ್ಕೆ ಮಾತ್ರೆಯಷ್ಟು ಬೇಗ ಗುಣ ಕಾಣದು, ಹಾಗಾಗಿ ಜನಕ್ಕೆ ಅದರ ಮೇಲೆ ನಂಬಿಕೆ ಕಡಿಮೆ. ಶೇಂಗಾ ಎಣ್ಣೆ ಮೂರು ತಲೆಮಾರಿನ ಹಾಗೇ ಮುಂದುವರಿಯಲಿ, ಅಳತೆಯಲ್ಲಿ, ಒಮ್ಮೆ ಕರಿದ ಎಣ್ಣೆ ಮತ್ತೆ ಮತ್ತೆ ಕಾಯದಿರಲಿ. ಡಾಕ್ಟರ್ ಏನಂದರು ಅಂತ ಒಂದು ಕಾರ್ಡು ಹಾಕಿ.